ಕಾಶಿಗೆ ಬಂದ ಡಿಫೆಂಡರ್

ನನ್ನದು ತಂಡಗಳ ಹಿಂದೆ ಊರೂರು ಅಲೆಯುವ ಫಿಸಿಯೋ ಕೆಲಸ. ಎಲ್ಲಿಗೆ ಹೋದರೂ ಆಟಗಾರರ ಮಂಡಿ ಒಂದೇ ಥರ. ಎಡವಟ್ಟುಗಳು ಮಾತ್ರ ಪ್ರತಿ ಊರಿನಲ್ಲೂ ಹೊಸದಾಗಿ ನನಗಾಗಿ ಕಾದಿರುತ್ತವೆ. ಈಗ ಕಾಶಿಯ ಸರದಿ. ಇಲ್ಲೊಂದು ಹುಡುಗಿಯರ ಫುಟ್‌ಬಾಲ್ ತಂಡ. ಕೋಚ್ ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನವರು, ಆರಡಿ ದಾಟಿದ ಮಾಜಿ ಡಿಫೆಂಡರ್. ಮುತ್ತಜ್ಜ ಕಬ್ಬಿನ ತೋಟದ ಕೂಲಿಗೆಂದು ಹಡಗು ಹತ್ತುವ ಮುನ್ನ ಬಿಟ್ಟುಹೋದ, ಈ ಕಡೆಯ ಹಳ್ಳಿ ಹುಡುಕಿಕೊಂಡು ಬಂದರು. ಹಳ್ಳಿ ಸಿಗಲಿಲ್ಲ, ಕೆಲಸ ಸಿಕ್ಕಿತು. ಕ್ಲಬ್ಬಿನ ಅಧ್ಯಕ್ಷರು ಗೋದೌಲಿಯಾ ಪೇಟೆಯ ಸೀರೆ ವ್ಯಾಪಾರಿ. ಲೀಗಿನಲ್ಲಿ ತಂಡ ಕಡೆಯ ಸ್ಥಾನಕ್ಕಿಳಿದರೆ ಕೋಚ್ ವಾಪಸ್ ವಿಮಾನ ಹತ್ತಬೇಕೆಂದು ಮೊದಲ ದಿನವೇ ನಗುನಗುತ್ತಾ ಹೇಳಿಬಿಟ್ಟಿದ್ದರು.

ಒಂದೇ ಗೋಲು

ಹನುಮಾನ್ ಘಾಟಿನ ಮನೆಯಲ್ಲಿ ಕೋಚ್ ಮಹಡಿ ಮೇಲೆ, ನಾನು ಕೆಳಗೆ. ಊಟ ಮನೆಯೊಡತಿ ಅಜ್ಜಿಯದು, ಕಾಶಿಯಲ್ಲೇ ನೆಲೆಸಿದ ಕನ್ನಡದವರು. ಅಜ್ಜಿಯ ಕನ್ನಡಕ್ಕೂ ಕೋಚರ ಇಂಗ್ಲಿಷಿಗೂ ನಡುವೆ ಸೇತುವೆ ನಾನು.

ದೋಸೆ ಹಾಕುತ್ತಾ ಅಜ್ಜಿ, ಈ ಕೋಚಪ್ಪ ಇಷ್ಟು ವರ್ಷ ಆಡಿ ಎಷ್ಟು ಗೋಲು ಹೊಡೆದಿದ್ದಾನೆ ಕೇಳು ಎಂದರು. ಕೇಳಿದೆ. ಒಂದು ಎಂದರು ಕೋಚ್. ದೋಸೆ ಮುರಿಯುತ್ತಾ, ಅದೂ ತಮ್ಮದೇ ತಂಡದ ವಿರುದ್ಧ ಎಂದು ಸೇರಿಸಿದರು.

ಅಜ್ಜಿ ಇನ್ನೊಂದು ದೋಸೆ ಬಡಿಸಿ ನನ್ನತ್ತ ತಿರುಗಿದರು. "ಹೋಗಲಿ ಬಿಡೇ, ಯಾರಿಗೋ ಒಬ್ಬರಿಗೆ ಉಪಕಾರ ಆಯ್ತಲ್ಲ."

ಹೊಸ ಸ್ಟಾಪರ್

ಗಂಗೆಯಾಚೆಯ ರಾಮನಗರದ ಮೈದಾನದಲ್ಲಿ ಅಭ್ಯಾಸ. ಗೋಲಿನ ಮುಂದೆ ಒಂದು ಗೂಳಿ ಬಂದು ನಿಂತಿತು. ಶಿವನ ವಾಹನವನ್ನು ಓಡಿಸಲು ಯಾರೂ ತಯಾರಿಲ್ಲ. ಹುಡುಗಿಯರು ಎಡಕ್ಕೆ ಹೋಗುವಂತೆ ತೋರಿಸಿ ಬಲಕ್ಕೆ ನುಗ್ಗಿದರು, ಗೂಳಿ ಕದಲಲಿಲ್ಲ. ಒದ್ದ ಚೆಂಡು ಅದರ ಹೊಟ್ಟೆಗೆ ತಗುಲಿ ವಾಪಸ್ ಬಂತು. ಅದು ಕಿವಿಯನ್ನಷ್ಟೇ ಆಡಿಸಿತು.

ಕೋಚ್ ಮೈಮರೆತು ನೋಡಿದರು. ಆಮೇಲೆ ಗೋಲಿನ ಮುಂದೆ ಎದುರಾಳಿಯನ್ನು ತಡೆಯುವ ನಮ್ಮ ಸ್ಟಾಪರ್ ಹುಡುಗಿಯನ್ನು ಕರೆದು, ಗಮನಿಸು, ಯಾವ ಆಮಿಷಕ್ಕೂ ಬೀಳುವುದಿಲ್ಲ ಎಂದು ಪಾಠ ಮಾಡಿದರು. ಅಷ್ಟರಲ್ಲಿ ಯಾರೋ ಬಾಳೆಹಣ್ಣಿನ ಸಿಪ್ಪೆ ಎಸೆದರು. ಗೂಳಿ ಗೋಲು ಬಿಟ್ಟು ಹೊರಟೇಹೋಯಿತು.

ಬಾಯಿ ತುಂಬಿದ ನ್ಯಾಯ

ಲೀಗಿನ ಮೊದಲ ಪಂದ್ಯ. ಎದುರಾಳಿ ಹುಡುಗಿ ಚೆಂಡನ್ನು ಕೈಯಲ್ಲಿ ತಡೆದಳು. ನಮ್ಮವರು ಕೈ ಎತ್ತಿ ನಿಂತು ರೆಫರಿಯತ್ತ ನೋಡಿದರು. ರೆಫರಿಯ ಬಾಯಲ್ಲಿ ಆಗಷ್ಟೇ ಹದಕ್ಕೆ ಬಂದ ಪಾನ್. ಸೀಟಿ ಊದಬೇಕಾದರೆ ಅದನ್ನು ಉಗುಳಬೇಕು. ಕಾಶಿಯಲ್ಲಿ ಪಾನ್ ಅವಸರದಲ್ಲಿ ಉಗುಳುವವರುಂಟೇ? ಮುಖ ಆಕಾಶಕ್ಕೆತ್ತಿ ಊಂ, ಊಂ ಎಂದರು. ಆ ಕಡೆಯವರು ಆರಾಮಾಗಿ ಗೋಲು ಹೊಡೆದರು.

ಕೋಚ್ ಕೂಗಾಡುತ್ತಾ ಒಳಗೆ ನುಗ್ಗಿದರು. ರೆಫರಿ ಗೆರೆಯವರೆಗೆ ನಡೆದು, ಉಗುಳಿ, ತುಟಿ ಒರೆಸಿ, ಗಂಭೀರವಾಗಿ ಮರಳಿದರು. "ಗುರು, ಸೀಟಿ ಬಜೀ ಕ್ಯಾ?"

ಸೀಟಿ ಕೇಳಿಸಿತೇ ಎಂದು ಕೇಳುತ್ತಿದ್ದಾರೆ ಎಂದೆ. ಕೋಚ್ ಯೋಚಿಸಿ, ಇಲ್ಲ ಎಂದು ಒಪ್ಪಿಕೊಂಡರು. ಸೋತೆವು. ಆ ವಾರವೆಲ್ಲ, ಸೀಟಿ ಕೇಳುವ ತನಕ ಆಟ ನಿಲ್ಲಿಸಬೇಡಿ ಎಂಬ ಒಂದೇ ಪಾಠ.

ಕೊನೆಯ ತಡೆ

ಕೊನೆಯ ಪಂದ್ಯಕ್ಕೂ ಅದೇ ರೆಫರಿ. ಡ್ರಾ ಆದರೆ ಕಡೆಯ ಸ್ಥಾನ ತಪ್ಪುತ್ತದೆ, ಸೋತರೆ ಕೋಚ್‌ಗೆ ವಿಮಾನ. ಅಧ್ಯಕ್ಷರು ಮುಂದಿನ ಸಾಲಿನಲ್ಲೇ ಕೂತಿದ್ದರು.

ಮುಗಿಯಲು ಐದು ನಿಮಿಷ, ಇಬ್ಬರದೂ ಸೊನ್ನೆ. ನಮ್ಮ ಹುಡುಗಿಯೊಬ್ಬಳ ಕಾಲು ಹಿಡಿದುಕೊಂಡಿತು. ನಾನು ಓಡಿದೆ, ಹಿಂದೆಯೇ ಕೋಚ್. ಕೈಯಲ್ಲಿ ನೀರಿನ ಬಾಟಲಿ, ಒಂದು ಎಲೆಯ ಪೊಟ್ಟಣ. ನೀರು ಹುಡುಗಿಗೆ. ಪೊಟ್ಟಣದಲ್ಲಿದ್ದ ಎರಡು ಪಾನ್‌ಗಳಲ್ಲಿ ಒಂದನ್ನು ಎರಡೂ ಕೈಯಲ್ಲಿ ರೆಫರಿಗೆ ಕೊಟ್ಟು, ಇನ್ನೊಂದನ್ನು ತಾವೇ ಬಾಯಿಗಿಟ್ಟುಕೊಂಡರು. ಮನುಷ್ಯ ಕೊನೆಗೂ ಕಾಶಿಯವನಾದ ಎಂದು ನನಗೆ ಸಂತೋಷವಾಯಿತು.

ಕೊನೆಯ ನಿಮಿಷದಲ್ಲಿ ನಮ್ಮ ಸ್ಟಾಪರ್, ಗೋಲಿನ ಮುಂದೆಯೇ, ಎದುರಾಳಿಯನ್ನು ಕಾಲು ಕೊಟ್ಟು ಕೆಡವಿದಳು. ಕುರುಡನಿಗೂ ಕಾಣುವ ಪೆನಾಲ್ಟಿ. ಈ ಸಲ ಕೈ ಎತ್ತಿ ನಿಂತವರು ಅವರು. ರೆಫರಿಯ ಮುಖ ಆಕಾಶಕ್ಕೇರಿತು. ಊಂ, ಊಂ. ಪಾಠ ಕಲಿತ ನಮ್ಮವಳು ಚೆಂಡನ್ನು ಗಂಗೆಯ ದಿಕ್ಕಿಗೆ ಒದ್ದಳು. ರೆಫರಿ ಗೆರೆಗೆ ಓಡಿ, ಉಗುಳಿ, ಗಡಿಯಾರ ನೋಡಿ ಸೀಟಿ ಊದಿದರು: ಪಂದ್ಯ ಮುಗಿಯಿತು.

ಎದುರಾಳಿ ಕೋಚ್ ಬೆಂಕಿಯಾಗಿ ನಮ್ಮ ಕೋಚ್ ಮೇಲೆ ಬಂದರು. ನಮ್ಮ ಕೋಚ್ ಮುಖ ಮೇಲೆತ್ತಿ, ಒಂದು ನಿಮಿಷ ಎಂದು ಬೆರಳು ತೋರಿಸಿ, ಗೆರೆಯವರೆಗೆ ನಡೆದರು. ಉಗುಳಿ, ತುಟಿ ಒರೆಸಿ, ಮರಳಿ ಬಂದು ತಾವು ಕಲಿತಿದ್ದ ಒಂದೇ ಒಂದು ಹಿಂದಿ ವಾಕ್ಯ ಹೇಳಿದರು:

"ಗುರು, ಸೀಟಿ ಬಜೀ ಕ್ಯಾ?"