ಹಿತ್ತಲ ಗ್ಯಾರೇಜಿನ ಗೃಹಪ್ರವೇಶ

ನಮ್ಮ ಮನೆಗೆ ಬಂದು ಹೋದವರಲ್ಲಿ ಕಾಲಿನ ಹೆಬ್ಬೆರಳು ಜಜ್ಜಿಸಿಕೊಳ್ಳದವರು ಕಡಿಮೆ. ಇದಕ್ಕೆ ಕಾರಣ ಮಂಚದ ಕೆಳಗಿದ್ದ ನನ್ನ ವೈಸು. ಮರವನ್ನೋ ಕಬ್ಬಿಣವನ್ನೋ ಎರಡು ದವಡೆಗಳ ನಡುವೆ ಕಚ್ಚಿ ಹಿಡಿದು, ತಿರುಪು ಸಡಿಲಿಸುವ ತನಕ ಬಿಡದ ಈ ಭಾರಿ ಸಾಧನವನ್ನು ಮದುವೆಗೂ ಮುಂಚೆ ಒಂದು ಹರಾಜಿನಲ್ಲಿ ಕೊಂಡಿದ್ದೆ. ಮದುವೆಯಾದ ಮೇಲೆ ಅದರ ಪಾಲಿಗೆ ಬಂದದ್ದು ನೆಂಟರ ಹೆಬ್ಬೆರಳುಗಳು ಮಾತ್ರ.

"ಇದನ್ನ ಹಳೇ ಕಬ್ಬಿಣದವನಿಗೆ ಹಾಕ್ಬಾರ್ದಾ?" ಕಸ ಗುಡಿಸುವಾಗಲೆಲ್ಲ ನನ್ನ ಹೆಂಡತಿ ಮುನಿಲಕ್ಷ್ಮಿ ಕೇಳುತ್ತಿದ್ದಳು.

"ಇಂಗ್ಲೆಂಡ್ ಮಾಲು ಕಣೇ ಇದು. ಒಂದ್ಸಲ ಹಿಡೀತು ಅಂದ್ರೆ ಬಿಡಲ್ಲ."

"ನಿಮ್ಮ ಹಟದ ಹಾಗೆ ಅನ್ನಿ."

ನಾನು ಪತ್ರಿಕೆಯ ವರದಿಗಾರ. ನಾನು ಬರೆದದ್ದು ಬೆಳಿಗ್ಗೆ ಮನೆಮನೆಗೆ ಹೋಗುತ್ತದೆ. ಮರುದಿನ ಕಡಲೆಕಾಯಿ ಪೊಟ್ಟಣವಾಗಿ ನನ್ನ ಕೈಗೇ ಮರಳುತ್ತದೆ. (ಒಮ್ಮೆ ನನ್ನದೇ ಲೇಖನದ ಕೊನೆಯ ಪ್ಯಾರಾ ಓದುವ ಆಸೆಗೆ, ಹಸಿವಿಲ್ಲದಿದ್ದರೂ ಪೊಟ್ಟಣ ಖಾಲಿ ಮಾಡಿದ್ದೇನೆ.) ನನ್ನ ಕೈಯಿಂದ ಒಂದು ಕುರ್ಚಿ ಹುಟ್ಟಬೇಕು, ಮರುದಿನವೂ ಅದು ಕುರ್ಚಿಯಾಗಿಯೇ ಇರಬೇಕು ಎಂಬುದು ನನ್ನ ಬಹುಕಾಲದ ಹಂಬಲ. ಸಂಜೆ ಆಫೀಸಿನಿಂದ ಬರುವಾಗ ದಾರಿಯಲ್ಲಿದ್ದ ಮರ ಕೊಯ್ಯುವ ಡಿಪೋದ ಮುಂದೆ ಸೈಕಲಿನಿಂದ ಇಳಿದು ನಡೆಯುತ್ತಿದ್ದೆ. ಹಸಿ ತೇಗದ ಹೊಟ್ಟಿನ ವಾಸನೆ ಮೂಗಿನಲ್ಲಿ ಉಳಿದಿರುವಷ್ಟು ಹೊತ್ತು ನಾನು ವರದಿಗಾರನಾಗಿರುತ್ತಿರಲಿಲ್ಲ. ಮನೆಗೆ ಬಂದು ಮಂಚದ ಮೇಲೆ ಕೂತರೆ ವೈಸು ಕೆಳಗೆ. ಅದನ್ನು ಬಿಗಿಯಲು ಒಂದು ಮೇಜಿಲ್ಲ, ಮೇಜು ಹಾಕಲು ಜಾಗವಿಲ್ಲ.

ಜಾಗವಿಲ್ಲ ಎಂದದ್ದು ಮನೆಯೊಳಗೆ. ಹೊರಗೆ ಬೇಕಾದಷ್ಟಿತ್ತು. ರಾಜಾಜಿನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಸೈಟುಗಲ್ಲುಗಳೇ ಹೆಚ್ಚು. ಮುನಿಲಕ್ಷ್ಮಿಯ ತವರು ಕೇತಮಾರನಹಳ್ಳಿ, ಅಲ್ಲೇ ಕೂಗಳತೆ ದೂರ. ಬಡಾವಣೆ ಬಂದಾಗ ಅವರ ಹೊಲದ ಮೇಲೆ ಅಡ್ಡರಸ್ತೆಗಳು ಹಾದುಹೋದವು. ಮನೆ ಉಳಿಯಿತು, ಮನೆಯ ಹಿಂದಿನ ಕೊಟ್ಟಿಗೆ ಉಳಿಯಲಿಲ್ಲ. ಅತ್ತೆ ಅಕ್ಕಯ್ಯಮ್ಮ ದಿನವೂ ಮಧ್ಯಾಹ್ನ ಊಟ ಮುಗಿಸಿ, ಆ ಅಡ್ಡರಸ್ತೆಗಳನ್ನು ಬಳಸದೆ, ಹಳೆಯ ಕಾಲುದಾರಿ ಇದ್ದ ಕಡೆಯಿಂದಲೇ ನಡೆದು ನಮ್ಮ ಮನೆಗೆ ಬರುತ್ತಿದ್ದರು.

ಒಂದು ಭಾನುವಾರ ನಾನು ಘೋಷಿಸಿದೆ: "ನಮ್ಮ ಸೈಟಿನಲ್ಲಿ ಒಂದು ಗ್ಯಾರೇಜು ಕಟ್ತೀನಿ. ನಾನೇ ಕಟ್ತೀನಿ."

ವರ್ಕ್‌ಶಾಪು ಎಂದಿದ್ದರೆ ಮಸೂದೆ ಅಲ್ಲೇ ಬಿದ್ದುಹೋಗುತ್ತಿತ್ತು. ಗ್ಯಾರೇಜು ಎಂದರೆ ಮುಂದೆಂದೋ ಒಂದು ಹಳೆಯ ಮೋಟಾರು ಬರುವ ಸಂಭವ. ಅದು ಬರುವ ತನಕ ಒಂದು ಮೇಜು, ಮೇಜಿನ ಮೇಲೆ ಒಂದು ವೈಸು.

"ಇರೋದು ಸೈಕಲ್ಲು," ಎಂದಳು ಮುನಿಲಕ್ಷ್ಮಿ.

"ದೊಡ್ಡದಾಗಿ ಯೋಚನೆ ಮಾಡ್ಬೇಕು."

"ಗಾರೆಯವರನ್ನ ಕರೀರಿ ಮತ್ತೆ."

"ಗಾರೆ ಕೆಲಸದ ಬಗ್ಗೆ ಪುರವಣಿಗೆ ಲೇಖನ ಬರೆದೋನು ನಾನು. ನನಗ್ಯಾಕೆ ಗಾರೆಯವರು?"

ಪಕ್ಕದ ಮನೆಯ ಗುಮಾಸ್ತ ಪದ್ಮನಾಭ ಕಾಂಪೌಂಡಿನ ಆಚೆ ಹಲ್ಲುಜ್ಜುತ್ತಿದ್ದವರು, ಈ ಮಾತು ಕೇಳಿ ಬಾಯಿ ಮುಕ್ಕಳಿಸುವುದನ್ನೂ ಮರೆತು ನಿಂತರು.

ದೇಶ ಆಗ ಎರಡನೆಯ ಪಂಚವಾರ್ಷಿಕ ಯೋಜನೆಯಲ್ಲಿತ್ತು. ನನ್ನದು ಭಾನುವಾರಗಳ ಯೋಜನೆ. ಶಂಕುಸ್ಥಾಪನೆಗೆಂದು ಗೇಟಿನ ಪಕ್ಕದಲ್ಲಿ ಗೂಟ ನೆಟ್ಟು ದಾರ ಕಟ್ಟುತ್ತಿದ್ದಾಗ ಮುನಿಲಕ್ಷ್ಮಿ ಕಾಫಿ ಹಿಡಿದು ಬಂದಳು. ದಾರ ನೋಡಿದಳು.

"ಇಲ್ಲಿ ಯಾಕೆ? ಪೂರಾ ಬಿಸಿಲು. ಹಿತ್ತಲಲ್ಲಿ ಹೊಂಗೆ ಮರದ ಕೆಳಗೆ ಕಟ್ಟಿ. ಬಾವಿ ಹತ್ರ, ತಂಪಾಗಿರುತ್ತೆ."

"ಮೋಟಾರು ಅಲ್ಲೀ ತನಕ ಹೋಗ್ಬೇಕಲ್ಲೇ?"

"ಅದಕ್ಕೇನು, ಪಕ್ಕದಲ್ಲಿ ದಾರಿ ಇದೆಯಲ್ಲ. ನಡ್ಕೊಂಡು ಹೋಗುತ್ತೆ."

ಮೋಟಾರು ನಡೆಯುವುದಿಲ್ಲ ಎಂದು ತಿದ್ದಬೇಕೆನಿಸಿತು, ತಿದ್ದಲಿಲ್ಲ. ಅವಳು ನನ್ನ ಕನಸಿನೊಳಗೆ ಇಟ್ಟ ಮೊದಲ ಹೆಜ್ಜೆ ಅದು. ಗೂಟ ಕಿತ್ತುಕೊಂಡು ಹಿತ್ತಲಿಗೆ ಹೋದೆ.

ಸಿಮೆಂಟಿಗೆ ಪರ್ಮಿಟ್ ಬೇಕಾಗಿದ್ದ ಕಾಲ. ಮಣ್ಣು ಕಲಸಿ ಇಟ್ಟಿಗೆ ಇಟ್ಟೆ. ಗೋಡೆ ನೆಟ್ಟಗಿದೆಯೇ ಎಂದು ತೂಗುಗುಂಡು ಬಿಟ್ಟು ನೋಡಿ, ಅದು ಹೇಳಿದ್ದನ್ನು ನಂಬದೆ ಮತ್ತೆ ಬಿಟ್ಟು ನೋಡಿದೆ. ಮೂರು ಗೋಡೆಗಳು ನನ್ನ ಮಾತು ಕೇಳಿದವು. ನಾಲ್ಕನೆಯದು, ಪದ್ಮನಾಭರಿಗೆ ಕಾಣುವ ಕಡೆಯದು, ನಡುವೆ ಹೊಟ್ಟೆ ಬಿಟ್ಟಿತು.

"ಸಾರ್, ಗೋಡೆಗೆ ತಿಂಗಳು ತುಂಬಿದ ಹಾಗಿದೆ," ಎಂದರು ಅವರು, ಕಾಂಪೌಂಡಿನ ಮೇಲೆ ಗಲ್ಲವಿಟ್ಟು.

"ಗಾಳಿ ಒತ್ತಡ ತಡೀಲಿ ಅಂತ ಹಾಗೆ ಕಟ್ಟಿರೋದು."

"ಓಹೋ. ಸುಖಪ್ರಸವ ಆಗ್ಲಿ."

ಇಂಥ ಮಾತುಗಳ ನಡುವೆ ನನಗಿದ್ದ ಬೆಂಬಲ ಮುನಿಲಕ್ಷ್ಮಿಯೊಬ್ಬಳದು. ಅವಳೀಗ ಕೇಳದೆಯೇ ಹಿತ್ತಲಿಗೆ ಬರುತ್ತಿದ್ದಳು. ನಾನು ನೆಲಕ್ಕೆ ಗಾರೆ ಹಾಕಬೇಕೆಂದಿದ್ದಾಗ, "ಗಾರೆ ಜಾರುತ್ತೆ, ಚಪ್ಪಡಿ ಹಾಸಿ," ಎಂದಳು. "ಸ್ವಲ್ಪ ಇಳಿಜಾರು ಕೊಡಿ. ಮೂಲೇಲಿ ಒಂದು ತೂತು ಬಿಟ್ರೆ ತೊಳೆದ ನೀರು ಬಾಳೆಗಿಡಕ್ಕೆ ಹೋಗುತ್ತೆ."

"ಮೋಟಾರಿನ ಎಣ್ಣೆ ಗಿಣ್ಣೆ ಚೆಲ್ಲಿದ್ರೂ ತೊಳೀಬಹುದು," ಎಂದೆ, ಉತ್ಸಾಹದಿಂದ.

"ಹೂಂ, ಅದೂ ತೊಳೀಬಹುದು. ಬಾಗಿಲು ಸ್ವಲ್ಪ ಅಗಲ ಇರ್ಲಿ. ಹೊಸ್ತಿಲು ಬೇಡ, ಕಾಲು ಎಡವುತ್ತೆ."

ಯಾರ ಕಾಲು ಎಂದು ನಾನು ಕೇಳಲಿಲ್ಲ. ಕೇಳುವುದೇ ನನ್ನ ಕಸುಬು; ಆದರೆ ಅದಕ್ಕೆ ಭಾನುವಾರ ರಜೆ.

ಹಿಂದಿನ ಗೋಡೆಗುಂಟ, ಸೊಂಟಕ್ಕಿಂತ ಕೆಳಗೆ, ಇಟ್ಟಿಗೆಯ ಉದ್ದನೆಯ ತೊಟ್ಟಿಯಂಥದೊಂದು ಕಟ್ಟಬೇಕೆಂದದ್ದೂ ಅವಳೇ. "ಮರದ ಚೂರು, ಹೊಟ್ಟು ಎಲ್ಲ ಅದರಲ್ಲಿ ಹಾಕ್ಬಹುದು, ನೆಲ ಚೊಕ್ಕಟವಾಗಿರುತ್ತೆ," ಎಂದಳು. ಅಂಚು ಚೂಪಾಗಿರಬಾರದೆಂದು ತಾನೇ ಅಂಗೈಯಿಂದ ಮಣ್ಣು ಸವರಿ ದುಂಡಗೆ ಮಾಡಿದಳು. ಆ ಹೊತ್ತು ಅವಳ ಮುಖದಲ್ಲಿದ್ದ ಆಸೆಯನ್ನು ನಾನು ನೋಡಿದೆ. ಇಂಥ ಆಸೆ ನನಗೆ ಪರಿಚಿತ. ಡಿಪೋದ ಮುಂದೆ ಸೈಕಲ್ ತಳ್ಳಿಕೊಂಡು ನಡೆಯುವವನ ಮುಖದಲ್ಲಿ ಇರುವುದೂ ಇದೇ. ಇವಳಿಗೂ ಕುರ್ಚಿ ಬೇಕಾಗಿದೆ ಎಂದುಕೊಂಡೆ.

ಅತ್ತೆ ಅಕ್ಕಯ್ಯಮ್ಮ ಅಂದು ಹೊಂಗೆ ಮರದ ಕೆಳಗೆ ಎಲೆಯಡಿಕೆ ಹಾಕುತ್ತ ಕೂತಿದ್ದರು. "ನಿನ್ನ ತಮ್ಮ ಮರಿಯಪ್ಪ ಚೆನ್ನೀನ ಯಶವಂತಪುರದ ಸಂತೆಗೆ ಹೊಡೀತಾನಂತೆ ಕಣೇ," ಎಂದರು ಮಗಳಿಗೆ. "ಇನ್ನೇನು ಮಾಡ್ತಾನೆ? ಕೊಟ್ಟಿಗೆ ಹೋಯ್ತು, ಕಂಡೋರ ಸೈಟಲ್ಲಿ ಕಟ್ಟಿದ್ರೆ ದಿನಾ ಜಗಳ. ಅದು ಬೇರೆ ಗಬ್ಬದ ಹಸು."

ಮುನಿಲಕ್ಷ್ಮಿ ತೊಟ್ಟಿಯ ಅಂಚನ್ನು ಇನ್ನೊಂದು ಸಲ ಸವರಿದಳು. ನಾನು ಸೂರಿಗೆಂದು ತಂದ ಸರ್ವೆ ಮರದ ಗಳುಗಳ ಉದ್ದ ಅಳೆಯುತ್ತಿದ್ದೆ.

ಹೆಂಚು ಹೊದಿಸಿದ್ದಾಯಿತು, ಸುಣ್ಣ ಬಳಿದದ್ದಾಯಿತು. ಹೊಟ್ಟೆಯ ಗೋಡೆಗೆ ಎರಡು ಕೈ ಹೆಚ್ಚು ಬಳಿದೆ. ಅದು ಇನ್ನಷ್ಟು ಎದ್ದು ಕಾಣಿಸಿತು. ಕೊನೆಗೆ ದಪ್ಪ ಹಲಗೆಯ ಮೇಜನ್ನು ಬಾಗಿಲ ಬಲಕ್ಕೆ ನೆಲದ ಚಪ್ಪಡಿಗೆ ಬಲವಾಗಿ ಕೂರಿಸಿ, ಮಂಚದ ಕೆಳಗಿನಿಂದ ವೈಸನ್ನು ಹೊತ್ತು ತಂದು ಬೋಲ್ಟು ಹಾಕಿ ಬಿಗಿದೆ. ಹಿಡಿ ತಿರುಗಿಸಿದರೆ ದವಡೆಗಳು ಸದ್ದಿಲ್ಲದೆ ತೆರೆದವು, ಸದ್ದಿಲ್ಲದೆ ಮುಚ್ಚಿದವು. ಕಿಟಕಿಯಿಂದ ಸಂಜೆಯ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಕುರ್ಚಿಗೆಂದು ತಂದಿಟ್ಟ ತೇಗದ ತುಂಡು ಕೈಯಲ್ಲಿತ್ತು. ಅದಕ್ಕೆ ಮೊದಲು ಕೀಸುಳಿ ಹಾಕಲೋ ಗರಗಸ ಹಾಕಲೋ ಎಂದು ಯೋಚಿಸುತ್ತ, ಆ ಯೋಚನೆಯನ್ನು ಬೇಕೆಂದೇ ಉದ್ದ ಮಾಡುತ್ತ ನಿಂತೆ.

"ಅಯ್ಯೋ, ಕೆಳಗಿಡಿ, ಕೆಳಗಿಡಿ ಅದನ್ನ!" ಬಾಗಿಲಲ್ಲಿ ಅತ್ತೆ. "ಸೂರು ಹೊದಿಸಿದ ಮೇಲೆ ಹಾಲು ಉಕ್ಕಿಸ್ದೆ ಒಳಗೆ ಕೆಲಸ ಶುರು ಮಾಡ್ತಾರಾ ಅಳಿಯಂದಿರೇ?"

"ಇದು ಮನೆಯಲ್ಲ ಅತ್ತೆ. ಗ್ಯಾರೇಜು."

"ನಾಲ್ಕು ಗೋಡೆ ಇದೆಯೋ ಇಲ್ವೋ?"

"ಮೂರೂಕಾಲು," ಎಂದರು ಪದ್ಮನಾಭ, ಕಾಂಪೌಂಡಿನ ಆಚೆಯಿಂದ.

ಹೀಗೆ ನನ್ನ ವರ್ಕ್‌ಶಾಪಿಗೆ ಗೃಹಪ್ರವೇಶ ಗೊತ್ತಾಯಿತು. ಶುಕ್ರವಾರ ಬೆಳಿಗ್ಗೆ ಬಾಗಿಲಿಗೆ ಮಾವಿನ ತೋರಣ, ವೈಸಿಗೆ ಅರಿಶಿನ ಕುಂಕುಮ. ಮೂರು ಇಟ್ಟಿಗೆಯ ಒಲೆಯ ಮೇಲೆ ಹಾಲು ಉಕ್ಕಿತು. ಗೃಹಪ್ರವೇಶವೆಂದ ಮೇಲೆ ಹಸು ಮೊದಲು ಒಳಗೆ ಹೋಗಬೇಕಲ್ಲ. ಬಾವಮೈದುನ ಮರಿಯಪ್ಪ ಚೆನ್ನಿಯನ್ನು ಹಿಡಿದುಕೊಂಡು ಬಂದಿದ್ದ. ಹಣೆಗೆ ಬೊಟ್ಟಿಟ್ಟು, ಬಾಳೆಹಣ್ಣು ತಿನ್ನಿಸಿ, ಒಳಗೆ ಬಿಟ್ಟೆವು.

ನಾನು ನೋಡಿದ ಗೃಹಪ್ರವೇಶಗಳಲ್ಲೆಲ್ಲ ಹಸು ಹೊಸ್ತಿಲ ಬಳಿ ಹಟ ಹಿಡಿದು, ನಾಲ್ವರು ತಳ್ಳಿ, ಒಳಗೊಂದು ಸುತ್ತು ಬಂದು, ಓಡಿ ಹೊರಬರುತ್ತದೆ. ಚೆನ್ನಿ ಹಾಗೇನೂ ಮಾಡಲಿಲ್ಲ. ಹೊಸ್ತಿಲಿಲ್ಲದ ಅಗಲ ಬಾಗಿಲಲ್ಲಿ ಬಾಡಿಗೆ ಮಾತಾಡಿದವರ ಹಾಗೆ ನಡೆದುಹೋಯಿತು. ನೇರವಾಗಿ ಉದ್ದನೆಯ ತೊಟ್ಟಿಯ ಬಳಿ ಹೋಗಿ, ದುಂಡಗಿನ ಅಂಚಿನ ಮೇಲೆ ಕತ್ತಿಟ್ಟು, ಒಳಗೆ ಮೂಸಿತು. ಆಮೇಲೆ ಧಾರಾಳವಾಗಿ ಗಂಜಲ ಹೊಯ್ಯಿತು. ಅದು ಚಪ್ಪಡಿಯ ಮೇಲೆ ಎಲ್ಲೂ ನಿಲ್ಲದೆ ಮೂಲೆಯ ತೂತಿಗೆ ಹರಿದು ಬಾಳೆಗಿಡ ಸೇರಿತು. ನನ್ನ ಇಳಿಜಾರು ಇಷ್ಟು ಕರಾರುವಾಕ್ಕಾಗಿದೆ ಎಂದು ತಿಳಿದದ್ದು ಆಗಲೇ. ಒಂದು ಗಳಿಗೆ ಹೆಮ್ಮೆಯೂ ಆಯಿತು. ಬಳಿಕ ಚೆನ್ನಿ ಮುಂಗಾಲು ಮಡಚಿ, ಹಿಂಗಾಲು ಮಡಚಿ, ದೊಡ್ಡದೊಂದು ಉಸಿರು ಬಿಟ್ಟು ಮಲಗಿತು.

"ಎಬ್ಬಿಸೋ ಮರಿಯಪ್ಪ," ಎಂದೆ.

"ಗೃಹಪ್ರವೇಶದ ದಿನ ಮಲಗಿದ ಹಸುನ ಎಬ್ಬಿಸ್ತಾರಾ?" ಎಂದರು ಅತ್ತೆ.

"ಮತ್ತೆ ಯಾವಾಗ ಏಳುತ್ತೆ?"

"ನಾಳೆ ಬೆಳಿಗ್ಗೆ ಎಬ್ಬಿಸ್ತೀನಿ ಬಾವ," ಎಂದ ಮರಿಯಪ್ಪ, ತಲೆ ತಗ್ಗಿಸಿ. "ಹ್ಯಾಗೂ ಸಂತೆಗೆ ಹೊಡ್ಕೊಂಡು ಹೋಗ್ಬೇಕಲ್ಲ."

ಮುನಿಲಕ್ಷ್ಮಿ ಚೆನ್ನಿಯ ಪಕ್ಕದಲ್ಲಿ ಕೂತು ಅದರ ಕತ್ತಿನ ಗಂಗೆದೊಗಲು ತುರಿಸುತ್ತಿದ್ದಳು. ಹಸು ಕಣ್ಣು ಮುಚ್ಚಿತ್ತು. ಅವಳೂ ಮುಚ್ಚಿದ್ದಳು. ಏನೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಬಹುದಿತ್ತು.

ಹೊಂಗೆಯ ನೆರಳು, ಬಾವಿಯ ನೀರು, ಚಪ್ಪಡಿ, ಇಳಿಜಾರು, ಅಗಲ ಬಾಗಿಲು, ಮೇವಿನ ತೊಟ್ಟಿ. ಊರೆಲ್ಲ ಸುತ್ತಿ ಕಂಡದ್ದನ್ನು ಬರೆದು ಸಂಬಳ ಪಡೆಯುವ ನಾನು, ಇಷ್ಟು ಭಾನುವಾರ ಸ್ವಂತ ಕೈಯಿಂದ ಏನು ಕಟ್ಟುತ್ತಿದ್ದೇನೆಂದು ನೋಡಿರಲಿಲ್ಲ.

"ಮೊದಲೇ ಯೋಚನೆ ಮಾಡಿದ್ದೆಯೇನೇ?" ಎಂದೆ, ಮೆಲ್ಲಗೆ.

"ಇಲ್ಲ ಕಣ್ರೀ." ಕಣ್ಣು ತೆರೆದಳು. "ಹಿತ್ತಲಲ್ಲಿ ಕಟ್ಟೋದು ಅಂದ್ರೆ ನನಗೆ ಗೊತ್ತಿರೋದು ಅದೊಂದೇ. ನೀವು ಕಟ್ತಾ ಇದ್ರಿ, ನಾನು ಹೇಳ್ತಾ ಇದ್ದೆ." ಚೆನ್ನಿಯ ಬೆನ್ನು ಸವರಿ, "ನಾಳೆ ಹೋಗುತ್ತಲ್ಲ. ಆಮೇಲೆ ತೊಳೆದುಕೊಡ್ತೀನಿ. ನಿಮ್ಮ ಕುರ್ಚಿ ಮಾಡ್ಕೊಳ್ಳಿ," ಎಂದಳು.

ಮೇಜಿನ ಮೇಲೆ ತೇಗದ ತುಂಡು ಹಾಗೇ ಇತ್ತು. ಅದಕ್ಕೂ ಕುಂಕುಮ ಹಚ್ಚಿದ್ದರು.

"ಎಲ್ಲ ಸರಿ," ಎಂದರು ಅತ್ತೆ, ಸುತ್ತ ಕಣ್ಣಾಡಿಸಿ. "ಹಗ್ಗ ಕಟ್ಟೋಕೆ ಒಂದು ಗೂಟ ಇಲ್ವಲ್ಲ."

ಎಲ್ಲರೂ ನನ್ನ ಕಡೆ ನೋಡಿದರು, ಕಟ್ಟಿದವನು ನಾನಲ್ಲವೇ. ನಾನು ವೈಸಿನ ಹಿಡಿ ತಿರುಗಿಸಿದೆ. ದವಡೆಗಳು ತೆರೆದವು. ಮರಿಯಪ್ಪನ ಕೈಯಿಂದ ಹಗ್ಗ ತೆಗೆದುಕೊಂಡು ನಡುವೆ ಇಟ್ಟೆ, ಬಿಗಿದೆ.

"ಇಂಗ್ಲೆಂಡ್ ಮಾಲು," ಎಂದೆ. "ಒಂದ್ಸಲ ಹಿಡೀತು ಅಂದ್ರೆ ಬಿಡಲ್ಲ. ಸಂತೆಗೆ ನೀನೊಬ್ಬನೇ ಹೋಗಿ ಬಾರಪ್ಪ."

ಮುನಿಲಕ್ಷ್ಮಿ ಎದ್ದು ಹೊರಗೆ ಹೋದಳು, ಮೇವು ತರಲೆಂದು. ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಒಲೆಯ ಹೊಗೆಗೆಂದು ಅವಳೂ ಹೇಳಿದಳು, ನಾನೂ ಒಪ್ಪಿದೆ.

"ಒಳ್ಳೇ ಗಾಡಿ ಸಾರ್," ಎಂದರು ಪದ್ಮನಾಭ. "ಗ್ಯಾಲನ್ನಿಗೆ ಎಷ್ಟು ಮೈಲಿ ಕೊಡುತ್ತೆ?"

ಅಂದಿನಿಂದ ವೈಸಿನ ಮುಂದೆ ಒಂದೇ ಪ್ರಶ್ನೆ: ತೇಗ ಹಿಡಿಯಬೇಕೋ ಚೆನ್ನಿಯನ್ನು ಹಿಡಿಯಬೇಕೋ. ತೇಗ ಹಿಡಿದ ದಿನ ಚೆನ್ನಿ ಪದ್ಮನಾಭರ ಹುರುಳಿಕಾಯಿ ಮಡಿಗೆ ಹೋಗಿಬಂತು. ಅವರ ಹಾಸ್ಯಪ್ರಜ್ಞೆಗೆ ಬಿದ್ದ ಮೊದಲ ಪೆಟ್ಟು ಅದು. ಗೂಟವೊಂದನ್ನು ನೆಡೋಣವೆಂದರೆ, ಗಬ್ಬದ ಹಸುವಿನ ಪಕ್ಕ ಸುತ್ತಿಗೆ ಸದ್ದು ಕೂಡದೆಂದು ಅತ್ತೆಯ ಆಜ್ಞೆ. ಸಂಜೆ ಆಫೀಸಿನಿಂದ ಬಂದು, ಕಾಫಿ ಲೋಟ ಹಿಡಿದು ಮೇಜಿನ ತುದಿಯಲ್ಲಿ ಕೂರುತ್ತಿದ್ದೆ. ಹೇಳದೆ ಕೇಳದೆ ಬಂದ ನೆಂಟನನ್ನು ನೋಡುವಂತೆ ಚೆನ್ನಿ ನನ್ನನ್ನು ನೋಡುತ್ತಿತ್ತು. ಕೈಯಲ್ಲಿ ತೇಗದ ತುಂಡನ್ನು ತಿರುವುತ್ತಿದ್ದೆ. ಮೂಗಿಗೆ ಹತ್ತಿರ ಹಿಡಿದರೆ, ಹುಲ್ಲು ಸಗಣಿಗಳ ನಡುವೆಯೂ, ಡಿಪೋದ ವಾಸನೆ ಇನ್ನೂ ಸ್ವಲ್ಪ ಇತ್ತು.

"ಗೇಟಿನ ಹತ್ರ ಜಾಗ ಹಾಗೇ ಇದೆಯಲ್ಲ, ಮೊದಲು ನೀವು ಗೂಟ ನೆಟ್ಟಿದ್ದು," ಎಂದಳು ಒಂದು ದಿನ ಮುನಿಲಕ್ಷ್ಮಿ. "ಅಲ್ಲಿ ಇನ್ನೊಂದು ಕಟ್ಟಿ. ಕೈ ಈಗ ಪಳಗಿದೆ."

ಭಾನುವಾರ ಎದ್ದವನೇ ಗೂಟ, ದಾರ ಹಿಡಿದು ಗೇಟಿನ ಬಳಿಗೆ ಹೋದೆ. ಈ ಸಲ ಬಿಸಿಲಿದ್ದರೆ ಇರಲಿ. ನೆಲಕ್ಕೆ ಗಾರೆ, ಬಾಗಿಲಿಗೆ ಎತ್ತರದ ಹೊಸ್ತಿಲು. ಅಳತೆ ಹಾಕುತ್ತಿದ್ದಾಗ ಅವಳು ಕಾಫಿ ಹಿಡಿದು ಬಂದಳು. ಹಿತ್ತಲಲ್ಲಿ, ದಿನ ತುಂಬಿ ಇಂದೋ ನಾಳೆಯೋ ಕರು ಹಾಕಲಿದ್ದ ಚೆನ್ನಿ ಒಮ್ಮೆ ಕೂಗಿತು. ಮುನಿಲಕ್ಷ್ಮಿ ಆ ಕಡೆ ತಿರುಗಿ ನೋಡಿದಳು, ಮತ್ತೆ ನನ್ನ ದಾರ ನೋಡಿದಳು.

"ಚೆನ್ನಾಗಿದೆ," ಎಂದಳು. "ಬಾಗಿಲು ಇಷ್ಟು ಅಗಲ ಬೇಡ. ಇದಕ್ಕೆ ಚಿಕ್ಕದು ಸಾಕು."

ನಾನು ಗೂಟ ಕಿತ್ತು, ಒಂದು ಮೊಳ ಈಚೆಗೆ ನೆಟ್ಟೆ.