ದೊಡ್ಡಪ್ಪ ಹೋಗ್ಬಿಟ್ರು

ದೊಡ್ಡಪ್ಪ ತೀರಿಕೊಂಡ ಸುದ್ದಿ ಬಂದದ್ದು ಬೆಳಿಗ್ಗೆ, ಗುಮಾಸ್ತ ಹಲ್ಲುಜ್ಜುತ್ತಿದ್ದಾಗ. ಫೋನಿನ ಆ ಕಡೆಯಿಂದ ಗುಡ್ಡದ ಕುರಿಗಾರಜ್ಜ ಹೇಳಿದ:

"ದೊಡ್ಡಪ್ಪ ಹೋಗ್ಬಿಟ್ಟ ಕಣಪ್ಪಾ. ದೊಡ್ಡಿ ಬಾಗ್ಲಲ್ಲೇ ಮಲಗಿದ್ದ. ಎಬ್ಬಿಸ್ದೆ, ಏಳ್ಲಿಲ್ಲ."

ಗುಮಾಸ್ತನ ಕೈಯಿಂದ ಬ್ರಷ್ ಜಾರಿ ಬಕೆಟ್ಟಿಗೆ ಬಿತ್ತು.

"ನಾನು ಈಗ್ಲೇ ಬರ್ತೀನಿ ಅಜ್ಜಾ."

"ಬೇಡ. ಮಣ್ಣು ನಾನು ಮಾಡ್ತೀನಿ. ನೀನು ಇವತ್ತಿನ ಸಭೆ ಮಾತ್ರ ಬಿಡ್ಬೇಡ. ಅವನ ಹೆಸರು ಮಾರ್ಕೊಂಡು ತಿನ್ನೋರಿಗೆ ಒಂದು ಕೊನೆ ಕಾಣ್ಸು. ಅಷ್ಟು ಮಾಡಿದ್ರೆ ಸಾಕು."

ದೊಡ್ಡಪ್ಪ ಎಂದರೆ ನಾಯಿ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಗುಮಾಸ್ತ ಆ ದಿನ ಇದನ್ನು ಹೇಳಲು ಮರೆತದ್ದರಿಂದಲೇ ಮುಂದಿನ ಅನಾಹುತವೆಲ್ಲ ಆಯಿತು.

ಕುರಿ ಕಾಯುವ ನಾಯಿಗಳ ಸಂಘದಲ್ಲಿ ಅವನು ಗುಮಾಸ್ತ. ಯಾವ ಮರಿ ಯಾವ ತಾಯಿತಂದೆಯದು ಎಂದು ಬರೆದು, ಮುದ್ರೆ ಒತ್ತಿ, ವಂಶಪತ್ರ ಕೊಡುವ ಕಚೇರಿ ಅದು. ಆ ಸೀಮೆಯ ಒಳ್ಳೆಯ ನಾಯಿಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಕುರಿಗಾರಜ್ಜನ ನಾಯಿಗೆ ನೆಂಟರು. ಆದ್ದರಿಂದ ಅದಕ್ಕೆ ದೊಡ್ಡಪ್ಪ ಎಂದೇ ಹೆಸರಾಗಿತ್ತು. ಬೊಗಳಿದ್ದನ್ನು ಕೇಳಿದವರಿಲ್ಲ. ತಲೆ ತಗ್ಗಿಸಿ ಒಮ್ಮೆ ದಿಟ್ಟಿಸಿದರೆ ಸಾಕು, ಪುಂಡ ಟಗರೂ ಶಾಲೆಗೆ ತಡವಾಗಿ ಬಂದ ಹುಡುಗನ ಹಾಗೆ ಸಾಲಿಗೆ ಸೇರಿಕೊಳ್ಳುತ್ತಿತ್ತು. ಒಮ್ಮೆ ಗುಡ್ಡಕ್ಕೆ ಮಂಜು ಕವಿದು ಅಜ್ಜ ದಾರಿ ತಪ್ಪಿದಾಗ ಇಡೀ ಮಂದೆಯನ್ನು ತಾನೊಬ್ಬನೇ ಇಳಿಸಿ ತಂದವನು ದೊಡ್ಡಪ್ಪ. ತಂದವನು ಅಲ್ಲಿಗೇ ನಿಲ್ಲಲಿಲ್ಲ; ಹಿಂದುಳಿದ ಕುಂಟು ಕುರಿಗಾಗಿ ಮತ್ತೆ ಹತ್ತಿದ. ಆಮೇಲೆ ಅಜ್ಜನಿಗಾಗಿ ಇನ್ನೊಮ್ಮೆ ಹತ್ತಿದ. ದೇವರು ಕೆಲವು ಜೀವಗಳನ್ನು ಮನುಷ್ಯರಿಗೆ ನಾಚಿಕೆಯಾಗಲೆಂದೇ ಕಳುಹಿಸುತ್ತಾನೆ.

ಕಣ್ಣಲ್ಲಿ ನೀರು, ಬಾಯಲ್ಲಿ ನೊರೆ ತುಂಬಿಕೊಂಡು ಗುಮಾಸ್ತ ಹೊರಗೆ ಬಂದ. ಎದುರುಮನೆಯ ಅಕ್ಕ ಮೆಟ್ಟಿಲು ಗುಡಿಸುತ್ತಿದ್ದವಳು ಪೊರಕೆ ನಿಲ್ಲಿಸಿದಳು.

"ಯಾಕ್ರೀ? ಏನಾಯ್ತು?"

"ದೊಡ್ಡಪ್ಪ ಹೋಗ್ಬಿಟ್ರು ಅಕ್ಕಾ."

ಅಜ್ಜನ ಬಾಯಲ್ಲಿ 'ಹೋಗ್ಬಿಟ್ಟ' ಎಂದಿದ್ದದ್ದು ಗುಮಾಸ್ತನ ಬಾಯಲ್ಲಿ 'ಹೋಗ್ಬಿಟ್ರು' ಆಯಿತು. ಅಂಥ ಜೀವ ಹೋದ ಮೇಲೂ ಏಕವಚನದಲ್ಲಿ ಕರೆಯಲು ಅವನಿಗೆ ನಾಲಗೆ ಹೊರಳಲಿಲ್ಲ. ಆದರೆ ಅವನಿಗೆ ಇನ್ನೊಬ್ಬ ದೊಡ್ಡಪ್ಪ ಇದ್ದರು. ಅಪ್ಪನ ಸ್ವಂತ ಅಣ್ಣ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಅದೇ ಮನೆಯ ಒಳಕೋಣೆಯಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಆ ಹೊತ್ತಿಗೆ ಸೊಗಸಾಗಿ ಗೊರಕೆ ಹೊಡೆಯುತ್ತಿದ್ದರು.

ಹೆಂಡತಿ ತವರಿಗೆ ಹೋಗಿದ್ದಳು. ತಿದ್ದುವವರು ಯಾರೂ ಇರಲಿಲ್ಲ. ಗುಮಾಸ್ತ ಮುಖ ತೊಳೆದು, ಬಾಗಿಲನ್ನು ಸುಮ್ಮನೆ ಮುಂದೆ ಮಾಡಿ, ಕಚೇರಿಗೆ ಓಡಿದ. ಅಕ್ಕ ಪೊರಕೆಯನ್ನು ಅಲ್ಲೇ ಬಿಟ್ಟು ಪಕ್ಕದ ಮನೆಗೆ ಓಡಿದಳು.

"ದೊಡ್ಡಪ್ಪನ ಹೆಣ ಮನೇಲಿಟ್ಕೊಂಡು ಆಫೀಸಿಗೆ ಹೋದ ಕಣ್ರೀ! ಎಂಥಾ ಕಾಲ ಬಂತು!"

ಕಚೇರಿಯಲ್ಲಿ ಗುಮಾಸ್ತ ಸಮಿತಿಯವರಿಗೆ ಫೋನ್ ಮಾಡಲು ಕುಳಿತ. ಅಧ್ಯಕ್ಷರಿಗೂ ಖಜಾಂಚಿಗೂ ಹೇಳಿದ್ದಾಯಿತು. ಉಳಿದವನು ನಾಯಿಮರಿ ಮಾರುವ ಮರಿ ಸಾಹುಕಾರ.

ಈ ಮರಿ ಸಾಹುಕಾರನ ವಿಷಯ ಬರೆಯುವಾಗ ಕೋಪ ತಡೆಯುವುದು ಕಷ್ಟ. ಊರ ಹೊರಗೆ ಅವನಿಗೆ ಉದ್ದುದ್ದ ತಗಡಿನ ಶೆಡ್ಡುಗಳಿವೆ. ಒಳಗೆ ಗೂಡುಗಳು. ಗೂಡುಗಳಲ್ಲಿ ಹೆಣ್ಣುನಾಯಿಗಳು. ಒಂದು ಸೂಲಿನ ಮರಿಗಳು ಹಾಲು ಬಿಡುವ ಮೊದಲೇ ಮುಂದಿನದಕ್ಕೆ ಸಿದ್ಧವಾಗಬೇಕು. ಕಾರ್ಖಾನೆಯಲ್ಲಿ ಬಿಸ್ಕತ್ತು ಬಂದ ಹಾಗೆ ಮರಿಗಳು ಬರುತ್ತವೆ. ಅವುಗಳ ತಾಯಂದಿರು ಕುರಿಯನ್ನು ಚಿತ್ರದಲ್ಲಿಯೂ ಕಂಡಿಲ್ಲ. ಒಮ್ಮೆ ಗುಮಾಸ್ತ ಆ ಗೂಡುಗಳ ಮುಂದೆ ನಡೆದುಹೋದಾಗ ಒಂದು ಮುದಿ ತಾಯಿ ತಲೆ ಎತ್ತಿ ನೋಡಿತು. ಆ ನೋಟ ದೊಡ್ಡಪ್ಪನದೇ. ಎದುರಿಗೆ ಕಾಯಲು ಗೋಡೆ ಒಂದನ್ನು ಬಿಟ್ಟು ಏನೂ ಇರಲಿಲ್ಲ. ಅಂದಿನಿಂದ ಅವನಿಗೆ ಊಟ ಸರಿಯಾಗಿ ಸೇರಿಲ್ಲ.

ಆದರೂ ಸಂಘ ಆ ಮರಿಗಳಿಗೆಲ್ಲ ಮುದ್ರೆ ಒತ್ತುತ್ತಲೇ ಬಂತು. ಮುದ್ರೆ ನಂಬಿ ಮರಿ ಒಯ್ದ ಕುರಿಗಾರನೊಬ್ಬ ಹೋದ ತಿಂಗಳು ನಾಯಿಯನ್ನು ಹೆಗಲ ಮೇಲೆ ಹೊತ್ತುಕೊಂಡು ವಾಪಸು ಬಂದಿದ್ದ. "ಕುರಿಮರಿ 'ಬ್ಯಾ' ಅಂದ್ರೆ ಇದು ನನ್ನ ಕಾಲ್ಸಂದೀಲಿ ಬಂದು ಕೂತ್ಕೊಳ್ಳುತ್ತೆ ಸ್ವಾಮೀ. ಈಗ ಕುರೀನೂ ನಾನೇ ಕಾಯ್ಬೇಕು, ನಾಯೀನೂ ನಾನೇ ಕಾಯ್ಬೇಕು!"

ಗುಮಾಸ್ತ ಫೋನಿನಲ್ಲಿ ಹೇಳಿದ: "ಸಾಹುಕಾರ್ರೇ, ದೊಡ್ಡಪ್ಪ ಹೋಗ್ಬಿಟ್ರು."

"ಅಯ್ಯಯ್ಯೋ! ಮನೇಲೇನಾ?"

"ಹೌದು. ಬಾಗ್ಲಲ್ಲೇ ಮಲಗಿದ್ರಂತೆ."

"ಛೆ ಛೆ. ವಯಸ್ಸಾಗಿತ್ತು ಅನ್ನಿ."

"ವಯಸ್ಸೇನು ಸಾರ್, ಹೋದ ವಾರ ಕೂಡ ಕುರಿ ಹಿಂದೆ ಓಡಿದ್ರು."

"ಕುರಿ ಹಿಂದೆ? ಈ ವಯಸ್ಸಲ್ಲಿ? ಗಟ್ಟಿ ಜೀವ ಬಿಡಿ."

ಅಂಗಡಿಯ ಹಲಗೆಯಿಂದ ಹಿಡಿದು ಕಾರಿನ ಗಾಜಿನವರೆಗೆ 'ದೊಡ್ಡಪ್ಪನ ವಂಶ' ಎಂದು ಬರೆಸಿಕೊಂಡಿದ್ದ ಆ ಮನುಷ್ಯನಿಗೆ, ದೊಡ್ಡಪ್ಪ ಎಂದರೆ ಒಂದು ನಾಯಿ, ಅದಕ್ಕೂ ಒಂದು ಜೀವ ಇತ್ತು, ಅದೂ ಒಂದು ದಿನ ಸಾಯುತ್ತದೆ ಎಂಬುದು ಹೊಳೆಯಲೇ ಇಲ್ಲ! ಗುಮಾಸ್ತನ ಮನೆಯವರಾರೋ ತೀರಿಕೊಂಡರು ಎಂದುಕೊಂಡು ಹೂಗುಚ್ಛ ಕೊಳ್ಳಲು ಹೊರಟ.

ಮಧ್ಯಾಹ್ನ ಸಭೆ ಸೇರಿತು. ಅಧ್ಯಕ್ಷರು ಬಂದರು. ಖಜಾಂಚಿ ಬಂದರು. ಒಂದು ನಿಮಿಷ ಎದ್ದು ನಿಂತು ಮೌನ ಆಚರಿಸಿದರು. ಮೌನದ ನಡುವೆಯೇ ಗುಮಾಸ್ತನ ಫೋನು ಕಿರುಚಿಕೊಂಡಿತು.

"ಲೋ!" ಎಂದಿತು ಒಂದು ಧ್ವನಿ. "ನಾನು ಸತ್ತಿದ್ದು ನನಗೇ ಗೊತ್ತಿಲ್ವಲ್ಲೋ!"

"ದೊಡ್ಡಪ್ಪಾ?"

ಅಧ್ಯಕ್ಷರು ಬೆಚ್ಚಿ ಕುರ್ಚಿ ಹಿಡಿದುಕೊಂಡರು.

"ಕಣ್ಣು ಬಿಟ್ಟು ನೋಡ್ತೀನಿ, ಮಂಚದ ಸುತ್ತ ಅರ್ಧ ಬೀದಿ ನಿಂತಿದೆ! ಎದ್ದು ಕೂತ್ರೆ ಆ ಎದುರುಮನೆಯವಳು ಕಿಟಾರನೆ ಕಿರುಚಿ ನನ್ನ ಮೇಲೇ ಬಿದ್ಲು. ಇನ್ನೊಬ್ಬ 'ಕೆಲಸಕ್ಕೆ ರಜ ಹಾಕಿ ಬಂದಿದ್ದೆ' ಅಂತ ನನ್ನನ್ನೇ ದುರುಗುಟ್ಟಿ ನೋಡ್ತಾನೆ. ಬದುಕಿರೋದು ನನ್ನ ತಪ್ಪಾ?"

"ದೊಡ್ಡಪ್ಪಾ, ಅದು ನೀವಲ್ಲ, ಸತ್ತಿದ್ದು ನಾಯಿ..."

"ನಾನು ನಾಯೀನಾ?"

"ಅಲ್ಲ ದೊಡ್ಡಪ್ಪಾ, ನಾಯೀನೇ ದೊಡ್ಡಪ್ಪ..."

ಫೋನು ಕಟ್ಟಾಯಿತು. ಗುಮಾಸ್ತ ಮತ್ತೆ ಮಾಡಿದ. ತೆಗೆಯಲಿಲ್ಲ. ಮನೆಗೆ ಓಡಿಹೋಗಲೇ ಎಂದುಕೊಂಡ. ಆದರೆ ಅಜ್ಜನ ಮಾತು ಕಿವಿಯಲ್ಲಿತ್ತು. ಬೆವರು ಒರೆಸಿಕೊಂಡು ತನ್ನ ಮೊದಲನೆಯ ನಿಯಮ ಓದಿದ: ತಾಯಿತಂದೆ ಎರಡೂ ಬಯಲಲ್ಲಿ, ಸಂಘದವರ ಕಣ್ಣೆದುರು ಕುರಿ ಕಾಯ್ದು ತೋರಿಸಬೇಕು, ಇಲ್ಲವಾದರೆ ಮರಿಗಳಿಗೆ ವಂಶಪತ್ರ ಇಲ್ಲ.

"ಯೋಚ್ನೆ ಒಳ್ಳೇದೇ," ಎಂದರು ಅಧ್ಯಕ್ಷರು. "ಆದ್ರೆ ಬಿಸಿಲಲ್ಲಿ ಯಾರಪ್ಪಾ ನಿಂತ್ಕೊಳ್ತಾರೆ?"

"ಮತ್ತೆ ಕುರಿ ಎಲ್ಲಿಂದ ತರೋದು?" ಎಂದರು ಖಜಾಂಚಿ.

"ಸಾರ್! ಇದು ಕುರಿ ಕಾಯೋ ನಾಯಿಗಳ ಸಂಘ ಸಾರ್!"

"ಅದು ಹೆಸರು ಕಣಯ್ಯಾ. ಹೆಸರಿಗೆಲ್ಲ ಕುರಿ ತರೋಕಾಗುತ್ತಾ? ಮುಂದಿನ ಸಭೇಲಿ ನೋಡೋಣ."

ಕೆಲಸ ಬಲ್ಲ ನಾಯಿ ಎಂದು ಬರೆದುಕೊಡುವ ಸಂಘಕ್ಕೆ ನಾಯಿಯ ಕೆಲಸ ನೋಡಲು ಪುರುಸೊತ್ತಿಲ್ಲ! ಗುಮಾಸ್ತ ಕೋಪ ನುಂಗಿಕೊಂಡು ಎರಡನೆಯ ನಿಯಮ ಎತ್ತಿದ. ಇದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ. ಮೊದಲು 'ಒಬ್ಬರಿಗೆ ವರ್ಷಕ್ಕೆ ಎರಡೇ ಸೂಲು' ಎಂದಿತ್ತು. ಮರಿ ಸಾಹುಕಾರ ಹೆಂಡತಿ, ಮಗ, ಸೊಸೆ, ಭಾವಮೈದ ಎಲ್ಲರ ಹೆಸರಲ್ಲಿಯೂ ಮರಿ ಹಾಕಿಸಿ ಅದನ್ನು ನಗೆಪಾಟಲು ಮಾಡಿದ್ದ. ಈಗ ಗುಮಾಸ್ತ 'ಒಬ್ಬರಿಗೆ' ಎಂಬುದನ್ನು ಹೊಡೆದುಹಾಕಿ 'ಒಂದು ಮನೆಗೆ' ಎಂದು ಬರೆದಿದ್ದ. ಒಂದು ವಾರದ ಮೊದಲೇ ಎಲ್ಲರಿಗೂ ಕಳುಹಿಸಿಯೂ ಇದ್ದ. ಮೂರನೆಯದು ಇನ್ನೂ ಬಿಗಿ: ಶೆಡ್ಡುಗಳನ್ನು ನೋಡಿಬರಲು ಒಬ್ಬ ತನಿಖೆಗಾರ ಇರಬೇಕು, ತನ್ನ ಮನೆಯಲ್ಲಿ ಮರಿ ಹಾಕಿಸುವವನು ಆ ಕೆಲಸಕ್ಕೆ ಸಲ್ಲ. ಸಾಹುಕಾರನ ಭಾವಮೈದ ಆ ಕುರ್ಚಿಗೆ ಬಾಯಿ ಬಿಡುತ್ತಿದ್ದದ್ದು ಅವನಿಗೆ ಗೊತ್ತಿತ್ತು.

ಆಗ ಬಂದ ಮರಿ ಸಾಹುಕಾರ, ಮದುವೆ ಮನೆಯಿಂದ ಎದ್ದು ಬಂದವನ ಹಾಗೆ ನಗುತ್ತ.

"ತಡವಾಯ್ತು, ಕ್ಷಮಿಸ್ಬೇಕು. ನಮ್ಮ ಗುಮಾಸ್ತರ ಮನೆಗೆ ಹೋಗಿದ್ದೆ. ದೇವರ ದಯೆ, ದೊಡ್ಡಪ್ಪನವರು ಚೆನ್ನಾಗಿದ್ದಾರೆ. ಎಂಥಾ ಸಜ್ಜನರು! ಬೀದಿಯವರೂ ಎಲ್ಲ ಅಲ್ಲೇ ಇದ್ರು. ತುಂಬಾ ಒಳ್ಳೇ ಜನ."

ಗುಮಾಸ್ತ ಉಳಿದ ಎರಡು ನಿಯಮಗಳನ್ನೂ ಓದಿದ. ಜಗಳಕ್ಕೆ ಸಿದ್ಧನಾಗಿ ತೋಳು ಮಡಿಸಿಕೊಂಡ.

"ನನ್ನ ಪೂರ್ತಿ ಒಪ್ಪಿಗೆ ಇದೆ," ಎಂದ ಸಾಹುಕಾರ.

"ಏನಂದ್ರಿ?"

"ಒಂದು ಮನೆಗೆ ಎರಡೇ ಸೂಲು. ನ್ಯಾಯವಾದ ಮಾತು. ತನಿಖೆಗಾರರೂ ನಮ್ಮ ಗುಮಾಸ್ತರೇ ಆಗ್ಲಿ. ಅವರಿಗಿಂತ ಪ್ರಾಮಾಣಿಕರು ಯಾರಿದ್ದಾರೆ?"

ಎಲ್ಲರೂ ಕೈ ಎತ್ತಿದರು. ಗುಮಾಸ್ತನಿಗೆ ಕಣ್ಣು ತುಂಬಿತು. ಸತ್ತ ಜೀವವೇ ಈ ಮನುಷ್ಯನ ಮನಸ್ಸು ತಿರುಗಿಸಿತು ಎಂದುಕೊಂಡ. ಹೊರಗೆ ಬಂದು ಅಜ್ಜನಿಗೆ ಫೋನ್ ಮಾಡಿದ: "ಅಜ್ಜಾ, ಗೆದ್ವಿ! ನಾಳೆ ಬೆಳಿಗ್ಗೆ ಮೊದಲು ಆ ತಗಡಿನ ಶೆಡ್ಡಿಗೇ ಹೋಗ್ತೀನಿ. ಆ ಮುದಿ ತಾಯೀನ ಹೊರಗೆ ತರ್ತೀನಿ."

ಅಜ್ಜ ಅಳುತ್ತಿದ್ದ. "ಅವನ ಪಕ್ಕದಲ್ಲೇ ಕೂತಿದ್ದೀನಿ. ಹೇಳ್ತೀನಿ ಬಿಡು," ಎಂದ.

ಸಂಜೆ ಗುಮಾಸ್ತ ಬೀದಿಗೆ ಕಾಲಿಡುವಷ್ಟರಲ್ಲಿ ಏನೋ ಕುಂಯ್‌ಗುಟ್ಟುವ ಸದ್ದು. ಎದುರುಮನೆಯ ಮೆಟ್ಟಿಲ ಕೆಳಗೆ ಒಂದು ಗೂಡು. ಪಕ್ಕದ ಮನೆಯ ಸೈಕಲ್ಲಿನ ಹಿಂದೆ ಒಂದು ಗೂಡು. ಮೂಲೆಮನೆಯ ನೀರಿನ ತೊಟ್ಟಿಯ ಬಳಿ ಒಂದು. ಪ್ರತಿ ಗೂಡಿನಲ್ಲಿಯೂ ಎರಡು ಹೆಣ್ಣುನಾಯಿಗಳು. ಎಲ್ಲವೂ ತುಂಬು ಬಸುರಿಯರು.

"ಅಕ್ಕಾ, ಏನಿದು?"

"ನೀವು ನಮ್ಮ ಹತ್ರ ಮಾತಾಡ್ಬೇಡಿ," ಎಂದಳು ಅಕ್ಕ. "ಬದುಕಿರೋರನ್ನ ಸಾಯ್ಸಿ ನಮ್ಮನ್ನ ನಗೆಪಾಟಲು ಮಾಡಿದ್ರಿ. ಆ ಸಾಹುಕಾರ್ರು ನೋಡಿ, ಎಷ್ಟು ದೊಡ್ಡ ಮನುಷ್ಯ! ಎಲ್ಲರೂ ಪೆಚ್ಚುಮೋರೆ ಹಾಕ್ಕೊಂಡು ನಿಂತಿದ್ವಿ. ಬಂದೋರೇ ಎಲ್ಲರನ್ನೂ ಕೂರ್ಸಿ ಮಾತಾಡ್ಸಿದ್ರು. ಒಂದೊಂದು ಮನೆಗೆ ಎರಡೆರಡು ನಾಯಿ. ಊಟ ಅವರದೇ, ಮರೀನೂ ಅವರೇ ಒಯ್ತಾರೆ. ನಮ್ಮ ವಿಳಾಸ ಇದ್ರೆ ಸಾಕಂತೆ!"

ಗುಮಾಸ್ತ ಬೀದಿಯ ಗೂಡುಗಳನ್ನು ಎಣಿಸಿದ. ಒಂದು ಮನೆಗೆ ಎರಡು. ಆ ಮನೆಗಳನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕಿ, ಸಾಹುಕಾರನ ಕೈಗೆ ಕೊಟ್ಟವನು ತಾನೇ. ಬೆಳಿಗ್ಗೆ 'ಹೋಗ್ಬಿಟ್ಟ' ಎಂಬುದಕ್ಕೆ ಒಂದು 'ರು' ಸೇರಿಸಿ.

ತನ್ನ ಮನೆಯ ಬಾಗಿಲು ತೆರೆದ. ಬದುಕಿರುವ ದೊಡ್ಡಪ್ಪ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರು. ಮಡಿಲಲ್ಲಿ ಹೂಗುಚ್ಛ. ಅದರಿಂದ ಸಂತಾಪದ ಚೀಟಿ ಕಿತ್ತ ಗುರುತು ಇನ್ನೂ ಇತ್ತು. ನಾಯಿಯ ಕೂದಲು ಕಂಡರೆ ಸ್ನಾನ ಮಾಡುತ್ತಿದ್ದ ಆ ಮನುಷ್ಯನ ಕಾಲಬುಡದಲ್ಲಿ ಎರಡು ಹೆಣ್ಣುನಾಯಿಗಳು. ಒಂದು ಆಗಲೇ ಗುಮಾಸ್ತನ ಹಾಸಿಗೆಯ ಹೊದಿಕೆ ಎಳೆದುಕೊಂಡು, ಅದರ ಮೇಲೆ ಮರಿ ಹಾಕಿ, ನೆಕ್ಕುತ್ತ ಮಲಗಿತ್ತು. ಅದು ತಲೆ ಎತ್ತಿ ನೋಡಿತು. ಆ ಮುದಿ ತಾಯಿ.

"ದೊಡ್ಡಪ್ಪಾ! ಇವನ್ನ ಯಾಕೆ ಒಳಗೆ ಬಿಟ್ಕೊಂಡ್ರಿ?"

"ನೀನು ನನ್ನನ್ನ ನಾಯಿ ಅಂದೆ. ಅವರು ನನ್ನನ್ನ 'ಗೌರವ ಪಾಲಕರು' ಅಂದ್ರು. ಈ ಮನೆ ನನ್ನ ಹೆಸರಲ್ಲೇ ಇದೆ, ನೆನಪಿರ್ಲಿ. ಸಹಿ ಹಾಕ್ದೆ."

ಗುಮಾಸ್ತ ತನ್ನ ಮೂರನೆಯ ನಿಯಮ ನೆನೆಸಿಕೊಂಡ: ತನ್ನ ಮನೆಯಲ್ಲಿ ಮರಿ ಹಾಕಿಸುವವನು ತನಿಖೆಗೆ ಸಲ್ಲ. ಸ್ವಂತ ಕೈಬರಹ. ನಾಳೆ ಆ ಕುರ್ಚಿ, ನಾಯಿಗಳನ್ನೆಲ್ಲ ಬೀದಿಗೆ ಸಾಗಿಸಿ ಮನೆ ಖಾಲಿ ಮಾಡಿಕೊಂಡ ಭಾವಮೈದನಿಗೆ. ಕಚೇರಿಯಲ್ಲಿ ಈ ಮರಿಗಳಿಗೆ ಮೊದಲ ಮುದ್ರೆ ಒತ್ತಬೇಕಾದವನು ತಾನೇ. ತಾಯಿತಂದೆ ಕುರಿ ಕಂಡಿವೆಯೇ ಎಂದು ಕೇಳುವ ನಿಯಮವೋ, ಮುಂದಿನ ಸಭೆಗೆ.

ಮುದಿ ತಾಯಿ ಎದ್ದು, ಹೊರಳಿ ದೂರ ಹೋಗಿದ್ದ, ಇನ್ನೂ ಕಣ್ಣು ಬಿಡದ ಒಂದು ಮರಿಯನ್ನು ಮೂತಿಯಿಂದ ಮೆಲ್ಲಗೆ ನೂಕಿ ಉಳಿದವುಗಳ ಸಾಲಿಗೆ ಸೇರಿಸಿತು. ಮಂದೆ ಸೇರಿಸುವ ಹಾಗೆ. ಯಾರೂ ಕಲಿಸದಿದ್ದರೂ.

ಗುಮಾಸ್ತ ಕೈ ಮುಗಿದ.

"ದೊಡ್ಡಪ್ಪನವರ ಆತ್ಮಕ್ಕೆ..." ಎಂದು ಗಟ್ಟಿಯಾಗಿ ಶುರುಮಾಡಿದ.

"ಲೋ! ನಾನಿನ್ನೂ ಇಲ್ಲೇ ಕೂತಿದ್ದೀನಿ!"

ಗುಮಾಸ್ತ ಬಾಯಿ ಮುಚ್ಚಿಕೊಂಡ. ಉಳಿದದ್ದನ್ನು ಮನಸ್ಸಿನಲ್ಲಿಯೇ ಹೇಳಿದ: ದೇವರೇ, ಗುಡ್ಡದ ಮಣ್ಣಿನಲ್ಲಿ ಮಲಗಿರುವ ಆ ದೊಡ್ಡಪ್ಪನವರಿಗೆ ಶಾಂತಿ ಕೊಡು. ಅವರು ಜೀವವಿರುವವರೆಗೂ ಒಂದು ಕುರಿಯನ್ನೂ ಕೈಬಿಟ್ಟವರಲ್ಲ. ಅವರ ಹೆಸರಿನಲ್ಲಿ ಹುಟ್ಟಿರುವ ಈ ಮಕ್ಕಳನ್ನು ನೀನೂ ಕೈಬಿಡಬೇಡ. ಸಾಯುವುದರೊಳಗೆ ಒಂದು ಸಲವಾದರೂ ಇವಕ್ಕೆ ಒಂದು ಕುರಿಯನ್ನು ತೋರಿಸು.