ಸರೋಜಳಿಗೆ ಇನ್ನೂ ಗುಣವಾಗಿಲ್ಲ

ಬಂಗಾರಪೇಟೆ ಸುತ್ತಿನ ಯಾವ ಹಳ್ಳಿಯಲ್ಲೂ ಈವರೆಗೆ ಒಂದೇ ಒಂದು ನಾಟಿ ಕೋಳಿಗೂ ಕಾಯಿಲೆ ಬಂದ ದಾಖಲೆ ಇರಲಿಲ್ಲ. ಇದು ಅಧಿಕೃತ ಅಂಕಿಅಂಶವಾದ್ದರಿಂದ ಯಾರೂ ಅನುಮಾನಿಸುವಂತಿರಲಿಲ್ಲ. ಬೆಳಿಗ್ಗೆ ರೆಕ್ಕೆ ಇಳಿಬಿಟ್ಟು ಮೂಲೆ ಹಿಡಿದ ಕೋಳಿ ಸಂಜೆಯೊಳಗೆ ಸಾರಾಗುತ್ತಿತ್ತು. ಹಾಗಾಗಿ ಅದು ಕಾಯಿಲೆಯ ಲೆಕ್ಕಕ್ಕೆ ಬರದೆ ಊಟದ ಲೆಕ್ಕಕ್ಕೆ ಹೋಗುತ್ತಿತ್ತು. ಈ ಸಾಧನೆಗಾಗಿ ಬಂಗಾರಪೇಟೆಯ ಗೃಹಕುಕ್ಕುಟ ಸ್ವಾಸ್ಥ್ಯ ಘಟಕಕ್ಕೆ ವರ್ಷ ತಪ್ಪದೆ 'ರೋಗಮುಕ್ತ ಘಟಕ' ಎಂಬ ಫಲಕ ಬರುತ್ತಿತ್ತು. ಮನೆಯಲ್ಲಿ ಸಾಕಿದ ಕೋಳಿಗಳ ಆರೋಗ್ಯ ನೋಡಿಕೊಳ್ಳಲೆಂದೇ ತೆರೆದ ಈ ಘಟಕಕ್ಕೆ ಒಬ್ಬ ಅಧೀಕ್ಷಕರಿದ್ದರು, ಒಬ್ಬ ವೈದ್ಯೆ ಇದ್ದರು, ಒಂದು ತಕ್ಕಡಿಯೂ ಇತ್ತು. ಅಧೀಕ್ಷಕ ಮೂರ್ತಿಯವರು ಬೆಳಿಗ್ಗೆ ಫಲಕಗಳ ಧೂಳು ಒರೆಸುತ್ತಿದ್ದರು. ಮಧ್ಯಾಹ್ನ ಆ ತಕ್ಕಡಿಯಲ್ಲಿ ಸಂತೆಯಿಂದ ತಂದ ಟೊಮೆಟೊ ತೂಗಿ ನೋಡಿ, ಅಂಗಡಿಯವನು ಮೋಸ ಮಾಡಿದ್ದಾನೆಂದು ನಿಟ್ಟುಸಿರು ಬಿಡುತ್ತಿದ್ದರು.

ಈ ನೆಮ್ಮದಿಗೆ ಕಲ್ಲು ಹಾಕಿದವಳು ಕ್ಯಾಸಂಬಳ್ಳಿ ಕಡೆಯ ನೇರಳಕುಂಟೆಯ ಕದಿರಮ್ಮ.

ಕದಿರಮ್ಮನಿಗೆ ಸರೋಜ ಎಂಬ ಕೆಂಪು ಹೇಂಟೆ ಇತ್ತು. ಸರೋಜಳನ್ನು 'ಅದು' ಎಂದವರೊಡನೆ ಕದಿರಮ್ಮ ಮಾತು ಬಿಡುತ್ತಿದ್ದಳಾದ್ದರಿಂದ, ಇಲ್ಲಿಂದ ಮುಂದೆ 'ಅವಳು' ಎಂದೇ ನಮೂದಿಸಲಾಗುವುದು. ತಾಯಿಕೋಳಿಯನ್ನೂ ಒಡಹುಟ್ಟಿದವರನ್ನೂ ಮುಂಗುಸಿ ಎಳೆದುಕೊಂಡು ಹೋದ ದಿನ ಉಳಿದ ಒಂದೇ ಒಂದು ಮರಿ ಅವಳು. ಮೊರದಲ್ಲಿ ಹಳೇ ಸೀರೆ ಹಾಸಿ, ಒಲೆ ಪಕ್ಕ ಇಟ್ಟು, ಬೆರಳ ತುದಿಯಲ್ಲಿ ನುಚ್ಚು ತಿನ್ನಿಸಿ ಕದಿರಮ್ಮ ಅವಳನ್ನು ದೊಡ್ಡವಳನ್ನಾಗಿ ಮಾಡಿದ್ದಳು. ಸಂಜೆ ಧಾರಾವಾಹಿ ಹೊತ್ತಿಗೆ ಸರೋಜ ತಾನಾಗಿಯೇ ಬಂದು ಮಡಿಲಲ್ಲಿ ಕೂರುತ್ತಿದ್ದಳು. ಕೇಡಿ ಅತ್ತೆ ಪರದೆಯ ಮೇಲೆ ಬಂದರೆ ಕೊಕ್ಕೊಕ್ಕೋ ಎಂದು ಬೈಯುತ್ತಿದ್ದಳು.

"ಈ ಮನೇಲಿ ಕರೆದ್ರೆ ಬರೋಳು ಸರೋಜ ಒಬ್ಳೇ" ಎಂದು ಕದಿರಮ್ಮ ಗಂಡನಿಗೆ ಕೇಳಲೆಂದೇ ಗಟ್ಟಿಯಾಗಿ ಹೇಳುತ್ತಿದ್ದಳು. ಗಂಡ ವೆಂಕಟೇಶಪ್ಪ ಆ ಮಾತು ಕೇಳಿಸಿಕೊಂಡಿರಲಿಲ್ಲ. ಎಷ್ಟು ಕರೆದರೂ ಅವನು ಇನ್ನೂ ಬಂದಿರಲಿಲ್ಲ.

ಅವನಿಗೆ ಹೋದ ವರ್ಷ ಮಂಡಿ ಹಿಡಿದುಕೊಂಡಿತ್ತು. ಎಣ್ಣೆ ತೀಡಿದ್ದಾಯಿತು, ಕಾಸಿದ ಇಟ್ಟಿಗೆ ಇಟ್ಟದ್ದಾಯಿತು. ಕೊನೆಗೆ ಊರ ಮುನೇಶ್ವರನ ಮುಂದೆ ನಿಂತು, "ಸ್ವಾಮಿ, ಮಂಡಿ ಬಿಟ್ಬಿಡು, ಮನೇಲಿರೋ ಕೆಂಪು ಕೋಳಿ ಒಪ್ಪಿಸ್ತೀನಿ" ಎಂದು ಹರಕೆ ಹೊತ್ತ. ಮುನೇಶ್ವರ ಮಂಡಿ ಬಿಟ್ಟ. ಮನೆಯಲ್ಲಿ ಕೆಂಪು ಕೋಳಿ ಅಂತ ಇದ್ದವಳು ಸರೋಜ ಒಬ್ಬಳೇ.

"ಬ್ಯಾರೆ ಬಣ್ಣ ಸಿಗ್ನಿಲ್ವಾ ನಿನ್ ಬಾಯಿಗೆ?" ಎಂದು ಕದಿರಮ್ಮ ಅತ್ತಳು.

"ನೋವಲ್ಲಿ ಬಾಯಿಗೆ ಬಂದಿದ್ದು ಕಣೆ. ಬ್ಯಾರೆ ಮರಿ ತಂದ್ಕೊಡ್ತೀನಿ, ಸುಮ್ಕಿರು" ಎಂದ ವೆಂಕಟೇಶಪ್ಪ. ಅಮಾವಾಸ್ಯೆ ಕಳೆದ ಭಾನುವಾರಕ್ಕೆ ಹರಕೆ ಎಂದು ನಿಗದಿಯಾಯಿತು. ಕದಿರಮ್ಮ ಒಲೆ ಹಚ್ಚುವಾಗಲೂ ಅತ್ತಳು, ಹಸು ಕರೆಯುವಾಗಲೂ ಅತ್ತಳು.

ಅಷ್ಟರಲ್ಲಿ ಸರೋಜ ಕಾಯಿಲೆ ಬಿದ್ದಳು. ರೆಕ್ಕೆ ಇಳಿಬಿಟ್ಟು ಕಣ್ಣು ಮುಚ್ಚಿದಳು. ರಾಗಿ ಚೆಲ್ಲಿದರೆ ಮುಖ ಆ ಕಡೆ ತಿರುಗಿಸಿದಳು. ಕೇಡಿ ಅತ್ತೆ ಸೊಸೆಯ ಪಾಯಸಕ್ಕೆ ಏನೋ ಬೆರೆಸಿದರೂ ಸರೋಜ ಚಕಾರ ಎತ್ತಲಿಲ್ಲ. ಕದಿರಮ್ಮನ ಎದೆ ಧಸಕ್ಕೆಂದಿತು.

ವೆಂಕಟೇಶಪ್ಪನ ಎದೆಯೂ ಧಸಕ್ಕೆಂದಿತು. ಹರಕೆ ಕೋಳಿಗೆ ಊನ ಇರಬಾರದು, ಕಾಯಿಲೆಯಂತೂ ಇರಲೇಬಾರದು. ಪೂಜಾರಿ ಚಿಕ್ಕಮುನಿಯಪ್ಪ ಇದರಲ್ಲಿ ಖಡಾಖಂಡಿತ. "ತೂಕಡಿಸೋ ಕೋಳಿ ತಂದೀಯ, ಸ್ವಾಮಿ ನಿನ್ ಇನ್ನೊಂದು ಮಂಡೀನೂ ಇಡ್ಕೋತಾನೆ, ನೋಡ್ಕೋ" ಎಂದುಬಿಟ್ಟ. ಹೀಗಾಗಿ ಸರೋಜ ಬದುಕಲೇಬೇಕೆಂಬ ವಿಷಯದಲ್ಲಿ ಗಂಡ ಹೆಂಡತಿಗೆ ಪೂರ್ಣ ಸಹಮತ ಮೂಡಿತು. ಅವಳಿಗೆ ಸರೋಜ ಇರಲೆಂದು ಬದುಕಬೇಕಿತ್ತು, ಅವನಿಗೆ ಕೊಯ್ಯಲೆಂದು ಬದುಕಬೇಕಿತ್ತು. ಇಷ್ಟು ಸಾಮರಸ್ಯ ಆ ಮನೆಗೆ ಹೊಸದು.

ಕದಿರಮ್ಮ ಸರೋಜಳನ್ನು ಬುಟ್ಟಿಯಲ್ಲಿಟ್ಟುಕೊಂಡು ಹೊರಟಳು. ಕ್ಯಾಸಂಬಳ್ಳಿಯಲ್ಲಿ ಹಸುಗಳಿಗೆ ಸೂಜಿ ಹಾಕುವವನು ತನ್ನ ಸೂಜಿಯನ್ನೂ ಸರೋಜಳನ್ನೂ ಒಮ್ಮೆ ನೋಡಿ, "ಈ ಕಡೆ ಚುಚ್ಚಿದ್ರೆ ಆ ಕಡೆ ಬತ್ತದೆ ಕಣಕ್ಕಾ" ಎಂದು ಕೈಚೆಲ್ಲಿದ. ಉರಿಗಾಂನಲ್ಲಿ ನಾಯಿ ಬೆಕ್ಕುಗಳನ್ನು ನೋಡುವ ಡಾಕ್ಟರೊಬ್ಬರು ಬಾಗಿಲಲ್ಲೇ ಕೈ ಅಡ್ಡ ಇಟ್ಟರು. "ಅಯ್ಯೋ, ಎನ್ನಮ್ಮಾ ಇದು! ಇದನ್ನ ಒಳಗೆ ತಂದ್ರೆ ನಿಮ್ ಪೇಷಂಟನ್ನ ನನ್ ಪೇಷಂಟುಗಳು ತಿಂದ್ಬಿಡ್ತಾವೆ." ಆದರೆ ಒಳ್ಳೆಯವರು. ಬಂಗಾರಪೇಟೆಯಲ್ಲಿ ಕೋಳಿಗೆಂದೇ ಒಂದು ಆಫೀಸಿದೆ, ಅಲ್ಲಿ ಒಬ್ಬರು ಡಾಕ್ಟರೂ ಇದ್ದಾರಂತೆ, ಯಾರೂ ಹೋಗಿ ನೋಡಿಲ್ಲ ಎಂದು ದಾರಿ ಹೇಳಿದರು.

ಬಂಗಾರಪೇಟೆ ಬಸ್ಸಿನಲ್ಲಿ ಕಂಡಕ್ಟರ್ ಬುಟ್ಟಿಯೊಳಗೆ ಬಗ್ಗಿ ನೋಡಿದ. "ಉಸಿರಾಡ್ತೈತಾ?"

"ಆಡ್ತಾಳೆ."

"ಅಂಗಾದ್ರೆ ಅರ್ಧ ಟಿಕೆಟ್. ಸತ್ತೋಗಿದ್ರೆ ಲಗೇಜು."

ಕದಿರಮ್ಮ ಎರಡು ಮಾತಾಡದೆ ದುಡ್ಡು ಕೊಟ್ಟಳು. ಸರೋಜ ಬದುಕಿದ್ದಾಳೆಂದು ಅಧಿಕೃತವಾಗಿ ಒಪ್ಪಿದವನು ಅಲ್ಲಿಯವರೆಗೆ ಅವನೊಬ್ಬನೇ.

ಘಟಕದಲ್ಲಿ ಮೂರ್ತಿಯವರು ಫಲಕ ಒರೆಸುತ್ತಿದ್ದರು. ಬುಟ್ಟಿ ಕಂಡು ಅವರ ಕೈಯ ಬಟ್ಟೆ ಅಲ್ಲೇ ನಿಂತಿತು.

"ಏನಿದು?"

"ಕೋಳಿ ಸ್ವಾಮಿ."

"ಅದು ಕಾಣುತ್ತದೆ. ಇಲ್ಲಿಗೇಕೆ ತಂದಿರಿ?"

"ಉಷಾರಿಲ್ಲ."

"ಈ ಭಾಗದಲ್ಲಿ ಕೋಳಿಗಳಿಗೆ ಹುಷಾರು ತಪ್ಪುವುದಿಲ್ಲ" ಎಂದು ಮೂರ್ತಿಯವರು ಸಾಲು ಫಲಕಗಳತ್ತ ಕೈ ತೋರಿಸಿದರು. ಕದಿರಮ್ಮ ಅಲ್ಲಾಡದ್ದು ನೋಡಿ ಸ್ವಲ್ಪ ಮೆತ್ತಗಾದರು. "ಒಂದು ಕೆಲಸ ಮಾಡಿ. ಮರಣಾನಂತರ ಹಾಜರುಪಡಿಸಿ. ಕೊಯ್ದು ಪರೀಕ್ಷಿಸಿ, ಯಾವ ಕಾಯಿಲೆಯಿಂದ ಹೋಯಿತೆಂದು ನಿಖರವಾಗಿ ತಿಳಿಸಲಾಗುವುದು. ಸೇವೆ ಉಚಿತ."

"ಸತ್ತೋದ್ಮೇಲೆ ತಿಳ್ಕೊಂಡು ನಾನೇನ್ ಮಾಡ್ಲಿ ಸ್ವಾಮಿ?"

"ತಿಳಿವಳಿಕೆಗೆ ಬೆಲೆ ಕಟ್ಟಲಾಗದಮ್ಮಾ."

ಕದಿರಮ್ಮ ಮೆಟ್ಟಿಲ ಮೇಲೆ ಕುಕ್ಕರಿಸಿದಳು. ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡಳು. "ಸರಿ. ನಾನೂ ಇಲ್ಲೇ, ಇವ್ಳೂ ಇಲ್ಲೇ. ಬದುಕಿದ್ರೂ ಇಲ್ಲೇ, ಸತ್ರೂ ಇಲ್ಲೇ."

ಮೂರ್ತಿಯವರು ಬೆವೆತರು. ರೋಗಮುಕ್ತ ಘಟಕದ ಆವರಣದಲ್ಲೇ ಸಾವು ಸಂಭವಿಸಿದರೆ ಅದನ್ನು ಯಾವ ಫಲಕದ ಹಿಂದೆ ಬಚ್ಚಿಡುವುದು? ಇದಕ್ಕಿಂತ ಒಂದು ಕಾಯಿಲೆಯೇ ಮೇಲು ಎಂದು ಅವರು ಒಳಗೆ ಕೂಗಿದರು: "ಡಾಕ್ಟರೇ, ಒಬ್ಬರು ಬಂದಿದ್ದಾರೆ!"

ಡಾಕ್ಟರ್ ಸುಮಿತಾ ಕೆಲಸಕ್ಕೆ ಸೇರಿದ ಮೇಲೆ ಘಟಕದಲ್ಲಿ ಜೀವಂತ ಕೋಳಿ ನೋಡಿರಲಿಲ್ಲ. ಸ್ಟೆತಾಸ್ಕೋಪು ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ಅದನ್ನು ಹಲ್ಲಿನಿಂದ ಹರಿದು, ಸರೋಜಳ ಎದೆಗೆ ಇಟ್ಟು, ರೆಕ್ಕೆ ಎತ್ತಿ, ಕೊಕ್ಕು ತೆರೆಸಿ ನೋಡಿ, "ಇದಕ್ಕೆ ಔಷಧಿ ಇದೆಯಮ್ಮ" ಎಂದಳು. ಖುಷಿಗೆ ಸ್ಟೆತಾಸ್ಕೋಪನ್ನು ಕಿವಿಯಿಂದ ತೆಗೆಯುವುದನ್ನೂ ಮರೆತಿದ್ದಳು. "ನೀರಲ್ಲಿ ಬೆರೆಸಿ ಕೊಡಿ. ಬೆಚ್ಚಗಿಡಿ. ಇನ್ನೊಂದು ಮಾತು. ಔಷಧಿ ನಡೆಯೋವರೆಗೂ, ಆಮೇಲೂ ಒಂದಷ್ಟು ದಿನ, ಈ ಕೋಳೀನ ಕೊಯ್ದು ತಿನ್ನೋ ಹಾಗಿಲ್ಲ. ಮಾಂಸದಲ್ಲಿ ಔಷಧಿ ಉಳಿದಿರುತ್ತೆ."

"ಇನ್ನೊಂದ್ಸಲ ಏಳಿ ತಾಯಿ" ಎಂದಳು ಕದಿರಮ್ಮ.

ಸುಮಿತಾ ಇನ್ನೊಂದು ಸಲ ಹೇಳಿದಳು. ಕದಿರಮ್ಮ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಸುಮಿತಾ ಬೀರುವಿನಿಂದ ನೀಲಿ ಬಣ್ಣದ ಪ್ಲಾಸ್ಟಿಕ್ ಬಳೆಯೊಂದನ್ನು ತೆಗೆದು ಸರೋಜಳ ಕಾಲಿಗೆ ಹಾಕಿದಳು. ಬಳೆಯ ಮೇಲೆ 'ಚಿಕಿತ್ಸೆಯಲ್ಲಿದೆ' ಎಂದಿತ್ತು.

ಬಳೆ ಹಾಕಿದ ಮೂರನೇ ಸಂಜೆ, ಕೇಡಿ ಅತ್ತೆ ಬಾಗಿಲ ಮರೆಯಲ್ಲಿ ನಿಂತು ಕದ್ದು ಕೇಳುತ್ತಿದ್ದಾಗ, ಸರೋಜ ಒಂದು ಕಣ್ಣು ತೆರೆದು ಕೊಕ್ ಎಂದಳು. ಕದಿರಮ್ಮ ಅವಳನ್ನು ಎದೆಗವುಚಿಕೊಂಡು ಕುಣಿದಳು. ವೆಂಕಟೇಶಪ್ಪನೂ ಕುಣಿದ. ಕುಣಿದು ಮುಗಿಸಿ ಹಿತ್ತಲಿಗೆ ಹೋಗಿ ಮಚ್ಚು ಮಸೆಯತೊಡಗಿದ. ಆ ಸದ್ದು ಕೇಳಿ ಕದಿರಮ್ಮನಿಗೆ ಎಲ್ಲ ಅರ್ಥವಾಯಿತು. ಸರೋಜಳಿಗೆ ಗುಣವಾದರೆ ಸರೋಜ ಉಳಿಯುವುದಿಲ್ಲ. ಬೆಳಗಾಗುತ್ತಲೇ ಬುಟ್ಟಿ ಹೊತ್ತು ಕದಿರಮ್ಮ ಬಂಗಾರಪೇಟೆ ಬಸ್ಸು ಹತ್ತಿದಳು.

ಘಟಕದಲ್ಲಿ ಈ ನಡುವೆ ಮಹತ್ತರ ಬದಲಾವಣೆಗಳಾಗಿದ್ದವು. ಒಬ್ಬ ರೋಗಿ ದಾಖಲಾದ ಸುದ್ದಿ ಮೇಲಿನ ಕಚೇರಿಗೆ ಮುಟ್ಟಿದ್ದೇ ತಡ, ಅಲ್ಲಿಂದ ಒಂದು ಫ್ಯಾನು, ಒಂದು ಫ್ರಿಜ್ಜು, ಇನ್ನೂ ಬಾರದ ಜೀಪಿಗೆ ಒಬ್ಬ ಡ್ರೈವರು ಬಂದಿದ್ದರು. ಜೊತೆಗೆ ಒಂದು ಆದೇಶವೂ ಬಂದಿತ್ತು: ಈ ಸೌಲಭ್ಯಗಳು ರೋಗಿ ಇರುವವರೆಗೆ ಮಾತ್ರ. ಮೂರ್ತಿಯವರು ಜೀವನದಲ್ಲಿ ಮೊದಲ ಬಾರಿಗೆ ಫ್ಯಾನಿನ ಕೆಳಗೆ ಕುಳಿತಿದ್ದರು. ಅಷ್ಟರಲ್ಲಿ ಸರೋಜ ಬುಟ್ಟಿಯಿಂದ ಹಾರಿ ಅವರ ಮೇಜಿನ ಮೇಲಿಳಿದು, ಅವರ ಚಿತ್ರಾನ್ನದ ಡಬ್ಬಿಯಿಂದ ಕಡಲೆಕಾಯಿ ಬೀಜ ಹೆಕ್ಕತೊಡಗಿದಳು.

"ಅಮ್ಮಾ, ಇದು ಪೂರ್ತಿ ಗುಣವಾದಂತಿದೆಯಲ್ಲ!" ಮೂರ್ತಿಯವರು ಕುರ್ಚಿಯಿಂದ ಅರ್ಧ ಎದ್ದರು.

"ಇಲ್ಲ ಸ್ವಾಮಿ" ಎಂದಳು ಕದಿರಮ್ಮ. "ಮ್ಯಾಲಕ್ಕೆ ಅಂಗೆ ಕಾಣ್ತದೆ. ಒಳಗೊಳಗೆ ಐತೆ."

"ಒಳಗೊಳಗೆ ಇದೆಯೆ?" ಮೂರ್ತಿಯವರ ಮುಖ ಅರಳಿತು.

ಸುಮಿತಾ ಮತ್ತೆ ಪರೀಕ್ಷಿಸಿದಳು. "ಏನೂ ಇಲ್ಲ ಸರ್. ಗುಂಡುಕಲ್ಲಿನ ಹಾಗಿದೆ."

"ಡಾಕ್ಟರೇ" ಎಂದರು ಮೂರ್ತಿಯವರು ಗಂಭೀರವಾಗಿ, "ಕಾಯಿಲೆ ಬಂದಿದೆ ಎನ್ನುವ ಅಧಿಕಾರ ತಮಗಿದೆ. ಹೋಗಿದೆ ಎನ್ನುವ ಅಧಿಕಾರ ಗುಣಮುಖ ಘೋಷಣಾ ಸಮಿತಿಗೆ. ಅದರ ಇಬ್ಬರು ಸದಸ್ಯರ ಹುದ್ದೆ ಖಾಲಿ ಇದೆ. ಮೂರನೆಯ ಹುದ್ದೆ ಇನ್ನೂ ಸೃಷ್ಟಿಯಾಗಿಲ್ಲ."

ಸುಮಿತಾ ಫ್ಯಾನಿನ ಕಡೆ ನೋಡಿದಳು. ಆಮೇಲೆ ಸರೋಜಳನ್ನು ಬಿಗಿಯಾಗಿ ತಬ್ಬಿಕೊಂಡಿದ್ದ ಕದಿರಮ್ಮನ ಕೈಗಳನ್ನು ನೋಡಿದಳು. 'ಚಿಕಿತ್ಸೆ ಮುಂದುವರಿದಿದೆ' ಎಂದು ಬರೆದು, ಔಷಧಿಯನ್ನು ಬೆಲ್ಲದ ನೀರಿಗೆ ಬದಲಾಯಿಸಿದಳು. ಪ್ರತಿ ಸೋಮವಾರ ಕರೆತರಬೇಕೆಂದೂ ಹೇಳಿದಳು.

ಭಾನುವಾರ ಬಂತು. ವೆಂಕಟೇಶಪ್ಪ ಮಿಂದು, ಮಚ್ಚು ಹಿಡಿದು, ಸರೋಜಳನ್ನು ಎತ್ತಿಕೊಂಡು ಮುನೇಶ್ವರನ ಗುಡಿ ಮುಂದೆ ನಿಂತ. ಹಿಂದೆಯೇ ಬಂದ ಕದಿರಮ್ಮ ಸೆರಗಿನ ತುದಿ ಕಚ್ಚಿಕೊಂಡು ದೂರ ನಿಂತಳು. ಪೂಜಾರಿ ಚಿಕ್ಕಮುನಿಯಪ್ಪನ ಕಣ್ಣು ನೀಲಿ ಬಳೆಯ ಮೇಲೆ ಬಿತ್ತು.

"ಇದೇನ್ಲಾ, ಸರ್ಕಾರಿ ಬಳೆ!"

"ಬಳೆ ಬುಡು ಪೂಜಾರಪ್ಪಾ. ಕೋಳಿ ನೋಡು, ಎಂಗೈತೆ!"

"ನೀನೇನ್ ಡಾಕ್ಟ್ರಾ? ಔಷ್ದಿ ಇಳಿದಿರೋ ಕೋಳಿ ಕೊಟ್ಟು, ನಾಳೆ ಸ್ವಾಮಿಗೇನಾರ ಆದ್ರೆ ಯಾವ ಆಸ್ಪತ್ರೆಗೆ ಎತ್ಕೊಂಡೋಗ್ಲಿ? ನಡಿ, ಬ್ಯಾರೆ ಕೋಳಿ ತತ್ತಾ."

ವೆಂಕಟೇಶಪ್ಪ ಬೇರೆ ಕೋಳಿ ಕೊಳ್ಳಲು ಮನೆಮನೆಗೆ ಹೊರಟ. ರೂಪಳ ಮನೆಯ ಕೋಳಿಗೆ ನೀಲಿ ಬಳೆ. ಶ್ಯಾಮಲಳ ಮನೆಯ ಮೂರಕ್ಕೂ ನೀಲಿ ಬಳೆ. ಕದಿರಮ್ಮ ಬಂಗಾರಪೇಟೆಗೆ ಹೋಗಿಬಂದದ್ದೇ, ಬೀದಿಯ ಹೆಂಗಸರೆಲ್ಲ ಸದ್ದಿಲ್ಲದೆ ಬುಟ್ಟಿ ಹೊತ್ತು ಬಸ್ಸು ಹತ್ತಿದ್ದರು. ಒಬ್ಬೊಬ್ಬರಿಗೂ ಒಂದೊಂದು ಮುದ್ದಿನ ಕೋಳಿ ಇತ್ತು. ಕೋಳಿಗಾಗಿ ಅತ್ತರೆ ಊರು ನಗುತ್ತದೆಂದು ಇಷ್ಟು ವರ್ಷ ಬಾಯಿಬಿಟ್ಟಿರಲಿಲ್ಲ, ಸಾರು ಬಡಿಸಿ ತಾವು ಬರೀ ಮುದ್ದೆ ಉಂಡು ಏಳುತ್ತಿದ್ದರು. ಕೊನೆಗೆ ವೆಂಕಟೇಶಪ್ಪ ಪೂಜಾರಿಯ ಮನೆಗೇ ಹೋದ. ಪೂಜಾರಿಯ ಹೆಂಡತಿ ಮುನಿನಾರಾಯಣಮ್ಮ ಬಾಗಿಲಲ್ಲಿ ನಿಂತು, ಕಂಕುಳಲ್ಲಿದ್ದ ಕರಿ ಕೋಳಿಯ ಕಾಲು ಎತ್ತಿ ತೋರಿಸಿದಳು. "ನಮ್ಮನೇದಕ್ಕೂ ಅದೇ ಕಾಯ್ಲೆ ಕಣಪ್ಪ. ಒಳಗೊಳಗೆ." ಹಿಂದೆಯೇ ಬಂದಿದ್ದ ಪೂಜಾರಿ ಆಕಾಶ ನೋಡಿದ.

ಸೋಮವಾರ ಊರ ಕಟ್ಟೆಯ ಮೇಲೆ ಘಟಕದ ಪ್ರಕಟಣೆ ಅಂಟಿತು:

'ನೇರಳಕುಂಟೆ ಗ್ರಾಮದ ಸಮಸ್ತ ಕೋಳಿಗಳು ಚಿಕಿತ್ಸೆಯಲ್ಲಿರುವುದರಿಂದ, ಸದರಿ ಕೋಳಿಗಳನ್ನು ಕೊಯ್ಯುವುದು, ಕೊಯ್ಯುವ ಉದ್ದೇಶದಿಂದ ದಿಟ್ಟಿಸುವುದು ಹಾಗೂ ಅವುಗಳಿಗೆ ಕೇಳಿಸುವಂತೆ ಮಸಾಲೆ ಅರೆಯುವುದನ್ನು ಈ ಮೂಲಕ ನಿಷೇಧಿಸಲಾಗಿದೆ. ಚಿಕಿತ್ಸಾ ಅವಧಿಯಲ್ಲಿ ಹುಟ್ಟುವ ಮರಿಗಳನ್ನು ಹುಟ್ಟಿನಿಂದಲೇ ರೋಗಿಗಳೆಂದು ಭಾವಿಸತಕ್ಕದ್ದು.'

ಮುನೇಶ್ವರನ ವಿಷಯ ಮಾತ್ರ ಇತ್ಯರ್ಥವಾಗದೆ ಉಳಿಯಿತು. ಪೂಜಾರಿಯ ಕೋರಿಕೆಯ ಮೇರೆಗೆ ಮೂರ್ತಿಯವರು, ಕೊನೆಗೂ ಬಂದ ಜೀಪಿನಲ್ಲಿ, ಖುದ್ದಾಗಿ ಸ್ಥಳ ಪರಿಶೀಲನೆಗೆ ಬಂದರು. ಗುಡಿಯ ಸುತ್ತ ಒಂದು ಸುತ್ತು ಹಾಕಿ, ಚಪ್ಪಲಿ ಬಿಟ್ಟು, ಕೈಮುಗಿದು ತೀರ್ಪು ಕೊಟ್ಟರು: ತಲೆತಲಾಂತರದಿಂದ ತಪಾಸಣೆಯಿಲ್ಲದ ಕೋಳಿಗಳನ್ನು ಸ್ವೀಕರಿಸುತ್ತ ಬಂದಿರುವ ಕಾರಣ ಸ್ವಾಮಿಯವರೂ ನಿಗಾದಲ್ಲಿರುವುದು ಕ್ಷೇಮ. ಸಮಿತಿ ಗುಣಮುಖರೆಂದು ಘೋಷಿಸುವವರೆಗೆ ಪಥ್ಯ. ತ್ರಿಶೂಲಕ್ಕೊಂದು ನೀಲಿ ಬಳೆ ಹಾಕಲಾಯಿತು. ಗುಡಿಗೆ ಬೋರ್ಡು ಬಿತ್ತು: 'ಸ್ವಾಮಿಯವರು ಪಥ್ಯದಲ್ಲಿದ್ದಾರೆ. ಭಕ್ತರು ಸಹಕರಿಸಬೇಕು.' ಅಂದಿನಿಂದ ಮುನೇಶ್ವರನಿಗೆ ಮುದ್ದೆ, ಸೊಪ್ಪಿನ ಸಾರು.

ವೆಂಕಟೇಶಪ್ಪ ಎಲ್ಲರೆದುರು ಮಂಡಿ ಮಡಚಿದ, ಚಾಚಿದ, ಒಂದು ಸಲ ಕುಕ್ಕರಗಾಲಲ್ಲಿ ಕೂತು ಎದ್ದ. ನೋವಿಲ್ಲ.

"ಸ್ವಾಮಿ ಒಪ್ಪವ್ನೆ" ಎಂದ ಪೂಜಾರಿ. ಊರು ನಿಟ್ಟುಸಿರು ಬಿಟ್ಟಿತು.

ಆ ವರ್ಷ ಘಟಕಕ್ಕೆ 'ಅತಿ ಹೆಚ್ಚು ರೋಗಿಗಳ ಘಟಕ' ಎಂಬ ಹೊಸ ಫಲಕ ಬಂದು, 'ರೋಗಮುಕ್ತ' ಫಲಕಗಳ ಪಕ್ಕದಲ್ಲೇ ಕೂತಿತು. ನೋಡಿದವರಿಗೆ ಯಾರಿಗೂ ಅದರಲ್ಲಿ ತೊಡಕು ಕಾಣಲಿಲ್ಲ. ಸುತ್ತಲ ಹಳ್ಳಿಗಳಲ್ಲೇ ಅತಿ ಹೆಚ್ಚು ಕಾಯಿಲೆಯ ಊರೆಂದು ಹೆಸರಾದ ನೇರಳಕುಂಟೆಯಲ್ಲಿ ಕೋಳಿಗಳು ಗೋಡೆ ಹಾರಿ, ಛಾವಣಿ ಹತ್ತಿ, ನಾಯಿಗಳನ್ನು ಅಟ್ಟಿಸಿಕೊಂಡು ಓಡಾಡಿಕೊಂಡಿವೆ. ಸರೋಜ ಈಚೆಗೆ ಧಾರಾವಾಹಿ ನೋಡಲು ವೆಂಕಟೇಶಪ್ಪನ ಮಂಡಿಯ ಮೇಲೆ ಕೂರುತ್ತಾಳೆ. ಅವಳು ಏಳುವವರೆಗೆ ಅವನು ಅಲುಗಾಡುವುದಿಲ್ಲ. "ಸರೋಜಾ, ಔಷ್ದಿ ಕುಡಿ ಬಾರೇ" ಎಂದು ಕದಿರಮ್ಮ ಒಳಗಿನಿಂದ ಬೆಲ್ಲದ ನೀರಿಗೆ ಕರೆದರೆ, ಈಗ ಇಬ್ಬರೂ ಹೋಗುತ್ತಾರೆ.

ಸೋಮವಾರ ಬೆಳಿಗ್ಗೆ ಬಂಗಾರಪೇಟೆ ಬಸ್ಸಿನಲ್ಲಿ ಕಂಡಕ್ಟರ್ ಬುಟ್ಟಿಯೊಳಗೆ ಬಗ್ಗಿ ನೋಡುತ್ತಾನೆ.

"ಎಂಗವ್ಳಕ್ಕಾ? ವಾಸಿ ಆಯ್ತಾ?"

"ಎಲ್ಲಪ್ಪಾ" ಎನ್ನುತ್ತಾಳೆ ಕದಿರಮ್ಮ, ಸರೋಜಳ ಬೆನ್ನು ಸವರುತ್ತ. "ದ್ಯಾವ್ರ ದಯೆ, ಇನ್ನೂ ಇಲ್ಲ."

ಬಸ್ಸಿನಲ್ಲಿದ್ದವರೆಲ್ಲ ತಲೆದೂಗುತ್ತಾರೆ. ಕಂಡಕ್ಟರ್ ಅರ್ಧ ಟಿಕೆಟ್ ಹರಿಯುತ್ತಾನೆ. ಕಿಟಕಿ ಪಕ್ಕ ಕೂತವರು ಎದ್ದು ರೋಗಿಗೆ ಜಾಗ ಬಿಡುತ್ತಾರೆ.